ಗಾಲಿ ಕಟ್ಟಿದ ಗೊರಬು: ಫೋಮ್ ಮತ್ತು ಕ್ಯಾನ್ವಾಸಿನ ಟ್ರೇಲರ್, ನಾಲ್ಕು ವರ್ಷಗಳ ಬಳಕೆಯ ನಂತರ

ಮನೆಗೆ ಶಾಖನಿರೋಧಕವಾಗಿ ಬಳಸುವ ಫೋಮ್ ಹಲಗೆಗಳನ್ನು ಜೋಡಿಸಿ, ಮೇಲೆ ಕ್ಯಾನ್ವಾಸ್ ಬಟ್ಟೆಯನ್ನು ಮರಗೆಲಸದ ಅಂಟಿನಿಂದ ಅಂಟಿಸಿ, ಅದಕ್ಕೆ ಮನೆಯ ಹೊರಗೋಡೆಯ ಬಣ್ಣ ಬಳಿದು, ಇಬ್ಬರು ಮಲಗುವಷ್ಟು ಜಾಗದ ಒಂದು ಟ್ರೇಲರನ್ನು ನಾನು 2021ರ ಜೂನ್‌ನಲ್ಲಿ ಕಟ್ಟಿ ಮುಗಿಸಿದೆ. ಅಮೆರಿಕದಲ್ಲಿ ಇಂಥವನ್ನು ‘ಫೋಮಿ’ ಎಂದೂ, ಬಟ್ಟೆ-ಅಂಟು-ಬಣ್ಣದ ಹೊದಿಕೆಯನ್ನು ‘ಬಡವರ ಫೈಬರ್‌ಗ್ಲಾಸ್’ ಎಂದೂ ಕರೆಯುತ್ತಾರೆ. ನಾವು ಇರುವುದು ಸಿಯಾಟಲ್‌ನ ಪೂರ್ವದ ಊರೊಂದರಲ್ಲಿ. ವರ್ಷದ ಎಂಟು ತಿಂಗಳು ಆಕಾಶ ಸೋರುತ್ತಲೇ ಇರುವ ಸೀಮೆ. ಇಲ್ಲಿಯವರೆಗೆ ಇದರಲ್ಲಿ 87 ರಾತ್ರಿಗಳನ್ನು ಕಳೆದಿದ್ದೇವೆ. ಕಟ್ಟಿದ ಹುಮ್ಮಸ್ಸಿನಲ್ಲಿ ಬರೆದ ಮಾತುಗಳು ಎಲ್ಲೆಡೆ ಸಿಗುತ್ತವೆ. ನಾಲ್ಕು ಮಳೆಗಾಲಗಳ ಬಳಿಕ ಆ ಬಟ್ಟೆ ಏನಾಯಿತು ಎಂಬುದನ್ನು ಹೇಳುವವರು ಕಡಿಮೆ ಎಂಬ ಕಾರಣಕ್ಕೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಮೊದಲು ತೂಕದ ವಿಷಯ, ಏಕೆಂದರೆ ಈ ವಿಧಾನವನ್ನು ಆರಿಸಿಕೊಳ್ಳಲು ಅದೇ ಮೂಲಕಾರಣ. ನಮ್ಮ ಸುಬಾರು ಫಾರೆಸ್ಟರ್ ಕಾರಿಗೆ ಎಳೆಯಲು ಅನುಮತಿ ಇರುವುದು 1,500 ಪೌಂಡ್ ಮಾತ್ರ. ಅಂಗಡಿಯಲ್ಲಿ ಸಿಗುವ ಸಣ್ಣ ಟ್ರೇಲರ್‌ಗಳಲ್ಲಿ ಹೆಚ್ಚಿನವು ಖಾಲಿಯಿದ್ದಾಗಲೇ ಆ ಮಿತಿಯ ಹತ್ತಿರಕ್ಕೆ ಬರುತ್ತವೆ. ಅದರ ಮೇಲೆ ನೀರು, ಒಲೆ, ಅಕ್ಕಿಬೇಳೆ ಹೇರಿದರೆ ಕಾರಿನ ಗತಿ ದೇವರೇ ಬಲ್ಲ. ನಾಲ್ಕು ಅಡಿ ಅಗಲ, ಎಂಟು ಅಡಿ ಉದ್ದ, ಎರಡು ಇಂಚು ದಪ್ಪದ ಒಂದು ಫೋಮ್ ಹಲಗೆ ನಾಲ್ಕು ಕಿಲೋಗೆ ತುಸು ಕಡಿಮೆಯೇ ತೂಗುತ್ತದೆ. ಅದೇ ಅಳತೆಯ ಅರ್ಧ ಇಂಚಿನ ಪ್ಲೈವುಡ್ ಹದಿನೆಂಟು ಕಿಲೋ ಆಸುಪಾಸು. ನಾನು ಬಳಸಿದ್ದು ಹನ್ನೊಂದು ಹಲಗೆ. ತಳಕ್ಕೆ ನಾಲ್ಕಡಿ-ಎಂಟಡಿಯ ಮಡಚುವ ಟ್ರೇಲರ್ ಚೌಕಟ್ಟನ್ನು ಕೊಂಡು, ಅದರ ಮೇಲೆ ಐದು ಅಡಿ ಅಗಲದ ಪೆಟ್ಟಿಗೆಯನ್ನು ಕೂರಿಸಿದೆ. ಕಾರ್ಖಾನೆಯ ಚೌಕಟ್ಟಿಗೆ ಮೂಲಪತ್ರ ಇದ್ದುದರಿಂದ ನಂಬರ್ ಪ್ಲೇಟ್ ಪಡೆಯಲು ತೊಂದರೆಯಾಗಲಿಲ್ಲ. ಮುಗಿದ ದಿನ ವೇಬ್ರಿಡ್ಜ್ ಮೇಲೆ ನಿಲ್ಲಿಸಿದಾಗ 740 ಪೌಂಡ್, ಎಂದರೆ ಸುಮಾರು 336 ಕಿಲೋ ಬಂತು.

ಈ ಬೇಸಿಗೆಯಲ್ಲಿ ಅದೇ ವೇಬ್ರಿಡ್ಜ್‌ಗೆ ಮತ್ತೆ ಒಯ್ದೆ. ಫೋಮ್ ನೀರು ಕುಡಿದು ಭಾರವಾಗುತ್ತದೆ ಎಂದು ಹೆದರಿಸಿದವರು ಹಲವರಿದ್ದರು. ಬಂದದ್ದು 780 ಪೌಂಡ್. ಆ ಯಂತ್ರ ತೂಕವನ್ನು ತೋರಿಸುವುದೇ ಇಪ್ಪತ್ತು ಇಪ್ಪತ್ತು ಪೌಂಡ್‌ಗಳ ಹೆಜ್ಜೆಯಲ್ಲಿ. ನಡುವೆ ಒಂದು ಬ್ಯಾಟರಿ, ಎರಡು ಅಟ್ಟಣಿಗೆ ಮತ್ತು ಇನ್ನೆರಡು ಪದರ ಬಣ್ಣ ಸೇರಿವೆ. ಹೆಚ್ಚಿದ ತೂಕ ಅಷ್ಟಕ್ಕೇ ಸರಿಹೋಗುತ್ತದೆ.

ಹೊದಿಕೆಯ ಬಗ್ಗೆ ವಿವರವಾಗಿ ಹೇಳಬೇಕು. ನಾನು ಬಳಸಿದ ಬಟ್ಟೆ, ಬಣ್ಣ ಬಳಿಯುವವರು ನೆಲಕ್ಕೆ ಹಾಸುವ ಹತ್ತಿಯ ಕ್ಯಾನ್ವಾಸ್. ಅದನ್ನು ಮೊದಲು ಬಿಸಿನೀರಿನಲ್ಲಿ ಎರಡು ಬಾರಿ ಒಗೆದು ಒಣಗಿಸಬೇಕು. ಇಲ್ಲದಿದ್ದರೆ ಗಂಜಿಯೂ ಹೋಗುವುದಿಲ್ಲ, ಅಂಟಿಸಿದ ಮೇಲೆ ಬಟ್ಟೆ ಕುಗ್ಗಿ ಅಂಚುಗಳನ್ನು ಎಳೆಯುತ್ತದೆ; ನನ್ನ ಹನ್ನೆರಡು ಅಡಿಯ ಬಟ್ಟೆ ಒಗೆತದಲ್ಲಿ ಒಂದು ಅಡಿ ಕುಗ್ಗಿತು. ಅಂಟು ಟೈಟ್‌ಬಾಂಡ್ 2. ಹಲಗೆಯ ನುಣುಪು ಮೈಯನ್ನು ತಂತಿಯ ಬ್ರಷ್‌ನಿಂದ ಒರಟಾಗಿಸಿ, ಮೂರು ಪಾಲು ಅಂಟಿಗೆ ಒಂದು ಪಾಲು ನೀರು ಬೆರೆಸಿ ರೋಲರ್‌ನಿಂದ ಹಚ್ಚಿ, ಬಟ್ಟೆಯನ್ನು ಹಾಸಿ, ಒದ್ದೆ ಕೈಯಿಂದ ನಡುವಿನಿಂದ ಅಂಚಿಗೆ ಸವರುತ್ತ ಹೋಗಬೇಕು. ದೋಸೆಯ ಹಿಟ್ಟನ್ನು ಹರಡಿದ ಕೈಗೆ ಇದು ಬೇಗ ಒಲಿಯುತ್ತದೆ ಎಂದು ನನ್ನ ಪತ್ನಿ ಹೇಳಿದ್ದು ನಿಜವಾಯಿತು, ಅವಳು ಅಂಟಿಸಿದ ಎಡಬದಿಯಲ್ಲಿ ಇಂದಿಗೂ ಒಂದು ಗುಳ್ಳೆಯಿಲ್ಲ. ಮೇಲಿನಿಂದ ಮತ್ತೊಂದು ಪದರ ಅಂಟು, ಅದು ಒಣಗಿದ ಬಳಿಕ ನೀರು ಬೆರೆಸಿದ ಮೊದಲ ಬಣ್ಣ, ಅನಂತರ ಮೂರು ಪದರ ಗಟ್ಟಿ ಬಣ್ಣ. ಈ ಅಂಟು 55 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 13 ಡಿಗ್ರಿ ಸೆಲ್ಸಿಯಸ್‌ಗಿಂತ ತಂಪಿನಲ್ಲಿ ಸರಿಯಾಗಿ ಹಿಡಿಯುವುದಿಲ್ಲ. ನಾನು ಅಕ್ಟೋಬರ್‌ನ ಒಂದು ಚಳಿಯ ಸಂಜೆ ಅವಸರದಲ್ಲಿ ಅಂಟಿಸಿದ ಹಿಂಬದಿಯ ತುಂಡು ಬೆಳಿಗ್ಗೆ ಸುಣ್ಣ ಬಳಿದಂತೆ ಬಿಳಿಚಿಕೊಂಡಿತ್ತು. ಅದನ್ನು ಕಿತ್ತು ಎಸೆದು, ಮುಂದಿನ ವಸಂತದವರೆಗೆ ಕಾಯಬೇಕಾಯಿತು.

ನಿಜವಾದ ಫೈಬರ್‌ಗ್ಲಾಸ್ ಏಕೆ ಬೇಡವೆಂದು ಕೇಳುವವರಿಗೆ: ಅಗ್ಗದ ಪಾಲಿಯೆಸ್ಟರ್ ರಾಳ ಈ ಫೋಮನ್ನು ಕಣ್ಣೆದುರೇ ಕರಗಿಸಿಬಿಡುತ್ತದೆ. ಎಪಾಕ್ಸಿ ಕರಗಿಸುವುದಿಲ್ಲ, ಆದರೆ ಅದರ ಬೆಲೆಗೆ ಅಂಟಿನ ಮೂರು ಗ್ಯಾಲನ್ ಡಬ್ಬಿಗಳೆಲ್ಲವೂ ಬಂದು ಇನ್ನೂ ಹಣ ಉಳಿಯುತ್ತದೆ. ಡಬ್ಬಿಯಿಂದ ಸಿಂಪಡಿಸುವ ಬಣ್ಣವೂ ಬರಿಯ ಫೋಮ್‌ಗೆ ಶತ್ರುವೇ. ಕ್ಯಾನ್ವಾಸಿಗೆ ಬಣ್ಣ ತುಂಬಿ ನೀರು ತಡೆಯುವುದು ಹೊಸ ಸಾಹಸವೇನೂ ಅಲ್ಲ. ಹಳೆಯ ರೈಲು ಬೋಗಿಗಳ ಚಾವಣಿಗೂ ಮರದ ದೋಣಿಗಳಿಗೂ ಇದೇ ಉಪಾಯವನ್ನು ಮಾಡುತ್ತಿದ್ದರು.

ಒಲಿಂಪಿಕ್ ರಾಷ್ಟ್ರೀಯ ಉದ್ಯಾನದ ಹೋ ಮಳೆಕಾಡಿನಲ್ಲಿ ವರ್ಷಕ್ಕೆ ಸುಮಾರು 140 ಇಂಚು ಮಳೆ ಬೀಳುತ್ತದೆ. ಆಗುಂಬೆಯ ಬಗಲಿನಲ್ಲಿ ಬೆಳೆದವನಿಗೆ ಆ ಅಂಕಿಯಿಂದ ದಿಗಿಲೇನೂ ಆಗಲಿಲ್ಲ, ಆದರೆ ಅಂಟು-ಬಟ್ಟೆಯ ಗೋಡೆಯೊಳಗೆ ಮಲಗಿ ಕೇಳುವಾಗ ಅದೇ ಸದ್ದು ಬೇರೆಯಾಗಿ ಕೇಳಿಸುತ್ತದೆ. ಮೂರು ರಾತ್ರಿ ಬಿಡದೆ ಸುರಿದರೂ ಗೋಡೆಯಿಂದಾಗಲಿ ಚಾವಣಿಯಿಂದಾಗಲಿ ಒಂದು ಹನಿ ಒಳಗೆ ಬರಲಿಲ್ಲ. ತೀರ್ಥಹಳ್ಳಿಯಿಂದ ಬಂದಿದ್ದ ಮಾವನವರು ಮುಂದೆ ಉಬ್ಬಿ ಹಿಂದಕ್ಕೆ ಇಳಿಯುವ ಅದರ ಆಕಾರವನ್ನು ನೋಡಿ, “ಇದು ಗಾಲಿ ಕಟ್ಟಿದ ಗೊರಬಲ್ಲವೇನಯ್ಯ” ಎಂದರು. ನಾಟಿಯ ಹೆಂಗಸರು ತಲೆ-ಬೆನ್ನಿಗೆ ಹೊದ್ದುಕೊಳ್ಳುವ ಗೊರಬಿನಂತೆಯೇ ಇದೂ ಹಗುರ, ಗಟ್ಟಿ, ಒಳಗೆ ಬೆಚ್ಚಗೆ. ಅಂದಿನಿಂದ ಮನೆಯಲ್ಲಿ ಅದಕ್ಕೆ ಗೊರಬು ಎಂದೇ ಹೆಸರು.

ನೀರು ಬಂದದ್ದು ಬೇರೆ ಎರಡು ದಾರಿಗಳಿಂದ. ಮೊದಲನೆಯದು ನಮ್ಮದೇ ಉಸಿರು. ಮುಚ್ಚಿದ ಇಷ್ಟು ಸಣ್ಣ ಪೆಟ್ಟಿಗೆಯಲ್ಲಿ ಇಬ್ಬರು ಮಲಗಿದರೆ ಬೆಳಗಾಗುವಷ್ಟರಲ್ಲಿ ಆವಿ ಎಲ್ಲಾದರೂ ನೀರಾಗಲೇಬೇಕು. ಎರಡು ಇಂಚಿನ ಫೋಮ್‌ಗೆ ಆರ್-10ರಷ್ಟು ಶಾಖನಿರೋಧ ಇರುವುದರಿಂದ ಗೋಡೆಯ ಒಳಮೈ ಬೆಚ್ಚಗಿದ್ದು ಒಣಗಿಯೇ ಇರುತ್ತದೆ; ಹಾಗಾಗಿ ಆವಿಯೆಲ್ಲ ತಣ್ಣಗಿರುವ ಜಾಗವನ್ನು ಹುಡುಕಿಕೊಂಡು ಹೋಗುತ್ತದೆ. ಕಿಟಕಿಯ ಅಲ್ಯೂಮಿನಿಯಂ ಚೌಕಟ್ಟು ಕಣ್ಣಿಗೆ ಕಾಣುತ್ತದೆ, ಒರೆಸಬಹುದು. ಕಾಣದಿದ್ದದ್ದು ಹಾಸಿಗೆಯ ಅಡಿ. ಮೊದಲ ಚಳಿಗಾಲ ಮುಗಿದು ಹಾಸಿಗೆಯನ್ನು ಎತ್ತಿದಾಗ, ನಮ್ಮಿಬ್ಬರ ಬೆನ್ನಿನ ಆಕಾರದಲ್ಲಿ ಎರಡು ಬೂಷ್ಟಿನ ಚಿತ್ರಗಳು ಪ್ಲೈವುಡ್ ಮೇಲೆ ಮೂಡಿದ್ದವು. ನೆಲಕ್ಕೆ ಹಣ ಉಳಿಸಲು ತೆಳುವಾದ ಫೋಮ್ ಹಾಕಿದ್ದೆ. ಅದು ನನ್ನ ತಪ್ಪು. ಈಗ ಹಾಸಿಗೆಯ ಕೆಳಗೆ ಒಂದು ಇಂಚು ಎತ್ತರದ ಮರದ ಪಟ್ಟಿಗಳಿವೆ, ಚಾವಣಿಯ ಹದಿನಾಲ್ಕು ಇಂಚಿನ ಫ್ಯಾನನ್ನು ಎಂಥ ಚಳಿಯಲ್ಲೂ ಎರಡು ಬೆರಳಷ್ಟು ತೆರೆದಿಡುತ್ತೇವೆ. ಬೂಷ್ಟು ಮತ್ತೆ ಬಂದಿಲ್ಲ.

ಎರಡನೆಯದು ಸ್ಕ್ರೂ ತೂತುಗಳು. ಫೋಮ್ ಸ್ಕ್ರೂವನ್ನು ಹಿಡಿದುಕೊಳ್ಳುವುದಿಲ್ಲ. ಬಾಗಿಲಿನ ಕೀಲು, ದೀಪ, ಕೊಕ್ಕೆ ಯಾವುದೇ ಬರಲಿ, ಆ ಜಾಗದಲ್ಲಿ ಮೊದಲೇ ಮರದ ತುಂಡನ್ನು ಹುದುಗಿಸಿ ಅಂಟಿಸಿ, ಆಮೇಲೆ ಬಟ್ಟೆ ಹೊದಿಸಬೇಕು. ಹಿಂಬದಿಯ ನಂಬರ್ ಪ್ಲೇಟ್ ದೀಪವನ್ನು ನಾನು ಮರೆತಿದ್ದೆ. ಎಲ್ಲ ಮುಗಿದ ಮೇಲೆ ಬಟ್ಟೆಗೇ ತೂತು ಕೊರೆದು, ಸೀಲಂಟ್ ತುಂಬಿ, ಸರಿಹೋಯಿತೆಂದುಕೊಂಡೆ. ಎರಡನೆಯ ವರ್ಷ ಅದರ ಸುತ್ತ ಅಂಗೈಯಗಲ ಬಟ್ಟೆ ಮೆತ್ತಗಾಗಿತ್ತು. ಈ ಅಂಟು ನೀರನ್ನು ತಡೆದುಕೊಳ್ಳುವಂಥದ್ದೇ ಹೊರತು ನೀರಿನಲ್ಲಿ ಮುಳುಗಿ ಬದುಕುವಂಥದ್ದಲ್ಲ; ಬಣ್ಣ ಹೊರಗಿನಿಂದ ಕಾಪಾಡುತ್ತದೆ, ತೂತಿನಿಂದ ಒಳಗೆ ಇಳಿದ ನೀರಿಗೆ ಆ ಬಣ್ಣವೇ ಮುಚ್ಚಳವಾಗಿ ಒಣಗಲು ಬಿಡುವುದಿಲ್ಲ.

ಬಿಸಿಲಿನ ಪಾಠ ಇನ್ನೊಂದು. ಅಂದಕ್ಕಾಗಿ ಮುಂಭಾಗಕ್ಕೆ ಕಡುಹಸಿರು ಬಳಿದಿದ್ದೆ, ಉಳಿದದ್ದೆಲ್ಲ ಬಿಳಿ. ಕ್ಯಾಸ್ಕೇಡ್ ಬೆಟ್ಟಸಾಲಿನ ಪಶ್ಚಿಮಕ್ಕೆ ಇದ್ದಷ್ಟು ದಿನ ಏನೂ ಆಗಲಿಲ್ಲ. 2022ರ ಜುಲೈನಲ್ಲಿ ಬೆಟ್ಟ ದಾಟಿ ಪೂರ್ವದ ಬಯಲಿಗೆ ಹೋಗಿ, ಮಧ್ಯಾಹ್ನದ ಬಿಸಿಲಿನಲ್ಲಿ ನಿಲ್ಲಿಸಿದಾಗ ಹಸಿರಿನ ಮೇಲೆ ಬಜ್ಜಿಯಂತೆ ಏಳು ಗುಳ್ಳೆಗಳೆದ್ದವು. ಈ ಫೋಮ್ ತಾಳಿಕೊಳ್ಳುವ ಮಿತಿ 165 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 74 ಡಿಗ್ರಿ ಸೆಲ್ಸಿಯಸ್. ಕಡುಬಣ್ಣದ ಮೈ ಬೇಸಿಗೆಯಲ್ಲಿ ಅದರ ಹತ್ತಿರ ಹೋಗುವುದು ಕಷ್ಟವಲ್ಲ, ಅಂಟೂ ಬಿಸಿಗೆ ಮೆತ್ತಗಾಗುತ್ತದೆ. ಗುಳ್ಳೆಗಳಿಗೆ ಸಿರಿಂಜಿನಿಂದ ಅಂಟು ತುಂಬಿ, ಹಲಗೆ ಒತ್ತಿ ಕಟ್ಟಿ, ಮೇಲೆ ಬಿಳಿ ಬಳಿದೆ. ಗುರುತುಗಳು ಇನ್ನೂ ಇವೆ. ಬಿಳಿಯ ಭಾಗದಲ್ಲಿ ಅಂದೂ ಇಂದೂ ಏನೂ ಆಗಿಲ್ಲ.

ದುರಸ್ತಿಯ ಸುಲಭ ಮಾತ್ರ ಈ ವಿಧಾನದ ದೊಡ್ಡ ಗುಣ. ಕಲಾಲಾಕ್‌ನ ಕಡಲತೀರದ ತಂಗುದಾಣದಲ್ಲಿ ಹಿಂದಕ್ಕೆ ತಿರುಗಿಸುವಾಗ ಸ್ಪ್ರೂಸ್ ಮರದ ಕೊಂಬೆಯೊಂದು ಬಲಬದಿಯನ್ನು ಗೇಣುದ್ದ ಸೀಳಿತು. ಅಲ್ಯೂಮಿನಿಯಂ ತಗಡಾಗಿದ್ದರೆ ಗ್ಯಾರೇಜ್‌ಗೆ ಹೋಗಬೇಕಾಗಿತ್ತು. ಹಳೆಯ ಬಟ್ಟೆಯ ತುಂಡು, ಒಂದು ಲೋಟ ಅಂಟು, ಉಳಿದ ಬಣ್ಣ ಇಷ್ಟರಲ್ಲಿ ಕೆಲಸ ಮುಗಿಯಿತು. ಅದು ಎಲ್ಲಿತ್ತೆಂದು ಈಗ ನನಗೇ ಹುಡುಕಬೇಕು.

ಇರುವೆಗಳ ಬಗ್ಗೆ ಯಾರೂ ನನ್ನನ್ನು ಎಚ್ಚರಿಸಿರಲಿಲ್ಲ. ಮೂರನೆಯ ವರ್ಷದ ಏಪ್ರಿಲ್‌ನಲ್ಲಿ ಹಿಂದಿನ ಬಲಮೂಲೆಯ ಕೆಳಗೆ ನೆಲದ ಮೇಲೆ ಗುಲಾಬಿ ಬಣ್ಣದ ಪುಡಿ ಬಿದ್ದಿತ್ತು. ರಂಗೋಲಿಯ ಪುಡಿ ಚೆಲ್ಲಿತೆಂದು ಪತ್ನಿ ಭಾವಿಸಿದಳು, ನನ್ನ ಫೋಮ್ ಗುಲಾಬಿ ಬಣ್ಣದ್ದೆಂಬುದು ನನಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಮರವನ್ನು ಕೊರೆಯುವ ದೊಡ್ಡ ಕರಿ ಇರುವೆಗಳು ಈ ಭಾಗದಲ್ಲಿ ಹೇರಳ. ಅವು ಫೋಮನ್ನು ತಿನ್ನುವುದಿಲ್ಲ, ಬೆಚ್ಚಗೂ ಒಣಗಿಯೂ ಇರುವ ಅದರಲ್ಲಿ ಸುರಂಗ ಕೊರೆದು ಸಂಸಾರ ಹೂಡುತ್ತವೆ. ಆ ಮೂಲೆಯ ತಳದಲ್ಲಿ ನಾನು ಬಟ್ಟೆಯನ್ನು ಒಳಕ್ಕೆ ಮಡಚಿ ಅಂಟಿಸುವ ಬದಲು ಟೇಪ್ ಹಚ್ಚಿ ಬಿಟ್ಟಿದ್ದೆ, ಯಾರು ಬಗ್ಗಿ ನೋಡುತ್ತಾರೆ ಎಂದು. ಇರುವೆಗಳು ನೋಡಿದವು. ಕೈಯುದ್ದದ ಫೋಮನ್ನು ಕತ್ತರಿಸಿ ತೆಗೆದು, ಹೊಸ ತುಂಡು ಕೂರಿಸಿ, ಈ ಸಲ ನಾಲ್ಕೂ ಬದಿಯನ್ನು ಬಟ್ಟೆಯಿಂದ ಸುತ್ತಿದೆ.

ಎಳೆಯುವ ಅನುಭವ ಒಟ್ಟಿನಲ್ಲಿ ಹಿತಕರ. ಸಾಮಾನು ತುಂಬಿದಾಗ ಕೊಂಡಿಯ ಮೇಲಿನ ಭಾರ ಒಟ್ಟು ತೂಕದ ಶೇಕಡಾ ಹತ್ತರಿಂದ ಹದಿನೈದರೊಳಗೆ ಇರುವಂತೆ ನೀರಿನ ಕ್ಯಾನುಗಳನ್ನು ಮುಂದಕ್ಕೆ ಇಡುತ್ತೇವೆ; ಇದನ್ನು ಮರೆತ ಒಂದೇ ದಿನ ಟ್ರೇಲರ್ ಬಾಲ ಆಡಿಸಿದ್ದು ಸಾಕಾಯಿತು. ಐ-90 ಹೆದ್ದಾರಿ ವ್ಯಾಂಟೇಜ್ ಬಳಿ ಕೊಲಂಬಿಯಾ ನದಿಯನ್ನು ದಾಟುವ ಸೇತುವೆಯ ಮೇಲೆ ಅಡ್ಡಗಾಳಿ ಜೋರು, ಅಲ್ಲಿ ಮಾತ್ರ ಹಗುರತನವೇ ಕಷ್ಟಕ್ಕೆ ಕಾರಣ. ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿದು, ವೇಗ ಇಳಿಸಿ, ಮಾತು ನಿಲ್ಲಿಸಿ ದಾಟುತ್ತೇವೆ. ಹನ್ನೆರಡು ಇಂಚಿನ ಗಾಲಿಗಳ ಬೇರಿಂಗ್‌ಗೆ ವರ್ಷಕ್ಕೊಮ್ಮೆ ಗ್ರೀಸ್ ತುಂಬುವುದು, ಚೌಕಟ್ಟಿನ ನಟ್ಟುಗಳನ್ನು ಪ್ರತಿ ಪ್ರವಾಸಕ್ಕೂ ಮೊದಲು ಬಿಗಿಮಾಡುವುದು ಕಡ್ಡಾಯ. ಮಡಚುವ ಚೌಕಟ್ಟಿನ ನಟ್ಟುಗಳು ಸಡಿಲವಾಗುತ್ತವೆ.

ಬೆಂಕಿಯ ವಿಷಯದಲ್ಲಿ ರಾಜಿ ಇಲ್ಲ. ಈ ಫೋಮ್ ಹೊತ್ತಿಕೊಂಡರೆ ಕರಗುತ್ತ ಕಪ್ಪು ವಿಷದ ಹೊಗೆ ಕಾರುತ್ತದೆ. ಒಳಗೆ ಹಳೆಯ ಬೆಡ್‌ಶೀಟ್ ಅಂಟಿಸಿ ಬಣ್ಣ ಬಳಿದಿದ್ದೇನೆ, ಅದು ರಕ್ಷಣೆಯೆಂದು ನಂಬಿಲ್ಲ. ಒಲೆ, ಮೇಣದಬತ್ತಿ, ಸೊಳ್ಳೆಬತ್ತಿ ಯಾವುದಕ್ಕೂ ಒಳಗೆ ಪ್ರವೇಶವಿಲ್ಲ, ಅಡುಗೆಯೆಲ್ಲ ಹೊರಗೆ. ಎರಡು ಬಾಗಿಲುಗಳನ್ನು ಇಟ್ಟಿರುವುದೂ ಇದೇ ಕಾರಣಕ್ಕೆ.

ಕೊಳ್ಳುವ ಅಥವಾ ಕಟ್ಟುವ ಮೊದಲು ತಿಳಿದಿರಬೇಕಾದ ಇನ್ನೊಂದು ಸಂಗತಿ ಕರಡಿಗಳದ್ದು. ಯೆಲ್ಲೋಸ್ಟೋನ್‌ನ ಫಿಶಿಂಗ್ ಬ್ರಿಡ್ಜ್ ತಂಗುದಾಣದಲ್ಲಿ ಗ್ರಿಜ್ಲಿ ಕರಡಿಗಳ ಓಡಾಟವಿರುವುದರಿಂದ ಗಟ್ಟಿ ಗೋಡೆಯ ವಾಹನಗಳಿಗೆ ಮಾತ್ರ ಅವಕಾಶ. ಗುಡಾರಗಳಿಗೂ ಬಟ್ಟೆ ಬದಿಯ ಟ್ರೇಲರ್‌ಗಳಿಗೂ ಇಲ್ಲ. ತಟ್ಟಿದರೆ ಹಲಗೆಯಂತೆ ಸದ್ದು ಮಾಡುವ ನಮ್ಮ ಗೋಡೆ ಗಟ್ಟಿಯೋ ಬಟ್ಟೆಯೋ ಎಂಬ ವಾದವನ್ನು ಅಲ್ಲಿನ ಸಿಬ್ಬಂದಿಯೊಡನೆ ಹೂಡುವ ಬದಲು ನಾವು ಮ್ಯಾಡಿಸನ್ ತಂಗುದಾಣದಲ್ಲಿ ಇಳಿದುಕೊಂಡೆವು. ಕರಡಿಯ ಉಗುರಿಗೆ ಈ ಗೋಡೆ ಎಷ್ಟು ಹೊತ್ತು ತಡೆಯುತ್ತದೆ ಎಂಬ ಪ್ರಶ್ನೆಗೆ ಕೊಂಬೆ ಸೀಳಿದ ದಿನವೇ ನನಗೆ ಉತ್ತರ ಸಿಕ್ಕಿತ್ತು.

ಖರ್ಚು ಒಟ್ಟು 2,600 ಡಾಲರ್ ಆಯಿತು, ಚೌಕಟ್ಟು, ಕಿಟಕಿ ಮತ್ತು ಫ್ಯಾನ್‌ಗಳದ್ದೇ ಅದರಲ್ಲಿ ಸಿಂಹಪಾಲು. ವಾರಾಂತ್ಯಗಳ ಲೆಕ್ಕವನ್ನು ಹಾಕಿಲ್ಲ. ಬಟ್ಟೆ ಮತ್ತು ಅಂಟಿಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ಕಡುಬಣ್ಣದ ಗುಳ್ಳೆಗಳನ್ನು ಬಿಟ್ಟರೆ, ಹೊದಿಕೆಯಲ್ಲಿ ಕೆಟ್ಟದ್ದೆಲ್ಲವೂ ನಾನು ಬಟ್ಟೆಯನ್ನು ಅಂಚಿನವರೆಗೆ ಸುತ್ತದೆ ಬಿಟ್ಟ ಕಡೆ, ಅಥವಾ ಸುತ್ತಿದ ಮೇಲೆ ತೂತು ಕೊರೆದ ಕಡೆ ಕೆಟ್ಟಿದೆ. ಇನ್ನು ಉಳಿದಿರುವುದು ಹಿಂಬಾಗಿಲು. ಅದರ ಒಳಮೈಗೆ ನಾನು ಬಟ್ಟೆ ಹಾಕದೆ ಬಿಟ್ಟಿದ್ದರಿಂದ ಹೊರಗಿನ ಬಟ್ಟೆಯ ಎಳೆತಕ್ಕೆ ಅದು ಅರ್ಧ ಇಂಚು ಬಾಗಿದೆ, ರಬ್ಬರ್ ಪಟ್ಟಿ ಒಂದು ಮೂಲೆಯಲ್ಲಿ ಮುಟ್ಟುತ್ತಿಲ್ಲ. ಹೊಸ ಬಾಗಿಲಿಗೆ ಫೋಮ್ ಕತ್ತರಿಸಿ ಇಟ್ಟಾಗಿದೆ, ಬಟ್ಟೆಯನ್ನು ಎರಡು ಬಾರಿ ಒಗೆದಾಗಿದೆ. ಗ್ಯಾರೇಜ್ ಹದಿಮೂರು ಡಿಗ್ರಿಗೆ ಏರುವ ತನಕ ಅಂಟಿನ ಡಬ್ಬಿ ಅಡುಗೆಮನೆಯ ಕಪಾಟಿನಲ್ಲಿ, ಎಣ್ಣೆಯ ಡಬ್ಬಿಯ ಪಕ್ಕದಲ್ಲಿ ಕುಳಿತಿದೆ.