ಹಳೆ ಹೋಸ್ಟಿಂಗ್ ಬಿಲ್ ಕಟ್ಟದೆ ಬಿಟ್ಟೆವು, ಎಂಟು ವರ್ಷದ ವಿಳಾಸವೇ ಕೈ ತಪ್ಪಿತ್ತು

2025ರ ಫೆಬ್ರವರಿ 15, ಶನಿವಾರ. ಮಧ್ಯಾಹ್ನ ನಾಗಪುರದ ಪಾರ್ಟಿಯಿಂದ ಫೋನ್ ಬಂತು. ಪ್ರತಿ ವರ್ಷ ರಂಜಾನ್‌ಗೆ ಮುಂಚೆ ನಮ್ಮಿಂದ ಜೀನ್ಸ್ ಒಯ್ಯುವವರು. "ಭಾಭೀ, ಕಾರ್ಖಾನಾ ಬಂದ್ ಹೋ ಗಯಾ ಕ್ಯಾ?" ಅಂದರು. ನನಗೆ ನಗು ಬಂತು. ಹಿಂದೆ ಹದಿನಾಲ್ಕು ಮಷಿನ್ ಓಡ್ತಾ ಇವೆ, ಸದ್ದು ಕೇಳಿಸ್ತಿಲ್ವಾ ಅಂದೆ. ಅವರು ನಗಲಿಲ್ಲ. ಹೊಸ ಡಿಸೈನ್ ನೋಡೋಣ ಅಂತ ನಿಮ್ಮ ವೆಬ್‌ಸೈಟ್ ತೆಗೆದೆ, ಅಲ್ಲಿ ನಿಮ್ಮ ಹೆಸರೇ ಇಲ್ಲ, ಸಾಲದ ಜಾಹೀರಾತು, ಇನ್ಶೂರೆನ್ಸ್ ಜಾಹೀರಾತು ಬರ್ತಿದೆ ಅಂದರು.

ನಮ್ಮದು ಬಳ್ಳಾರಿಯಲ್ಲಿ ಸಣ್ಣ ಹೊಲಿಗೆ ಯೂನಿಟ್. ಮಾವ ಶುರು ಮಾಡಿದ್ದು. ಕಟಿಂಗ್, ಹೊಲಿಗೆ ನಮ್ಮಲ್ಲೇ, ವಾಷಿಂಗ್ ಹೊರಗೆ. ಲೆಕ್ಕ, ಬಿಲ್, ಫೋನ್ ನನ್ನ ಪಾಲಿಗೆ. ಅದರ ಜೊತೆ ವೆಬ್‌ಸೈಟೂ ನನ್ನ ತಲೆಗೇ ಬಂದಿತ್ತು. ಹಾಗಾಗಿ ಈ ಕಥೆಯಲ್ಲಿ ಅರ್ಧ ತಪ್ಪು ನನ್ನದೇ. ಅದನ್ನು ಮುಚ್ಚಿಟ್ಟುಕೊಂಡು ಬರೆದರೆ ಯಾರಿಗೂ ಪ್ರಯೋಜನವಿಲ್ಲ.

2016ರಲ್ಲಿ ಊರಿನ ಒಬ್ಬ ಹುಡುಗ ನಮಗೆ ವೆಬ್‌ಸೈಟ್ ಮಾಡಿಕೊಟ್ಟ. ಒಳ್ಳೆಯ ಹುಡುಗ, ಮೋಸಗಾರನಲ್ಲ. ವಿಳಾಸದಲ್ಲಿ ಊರಿನ ಹೆಸರು ಇಂಗ್ಲಿಷಿನ ಹಳೆ ಸ್ಪೆಲ್ಲಿಂಗ್‌ನಲ್ಲಿತ್ತು, ಕೊನೆಗೆ ವೈ ಬರುತ್ತಲ್ಲ, ಅದು. ವರ್ಷಕ್ಕೊಮ್ಮೆ ಅವನಿಗೆ ದುಡ್ಡು ಕೊಡುತ್ತಿದ್ದೆವು. ಬಿಲ್‌ನಲ್ಲಿ ಒಂದೇ ಸಾಲು: "ಹೋಸ್ಟಿಂಗ್". ನಾಲ್ಕೈದು ವರ್ಷದಲ್ಲಿ ಹೇಗೋ ಆ ವೆಬ್‌ಸೈಟ್ ಗೂಗಲ್‌ನಲ್ಲಿ ಮೇಲೆ ಬಂತು. ಬಳ್ಳಾರಿ ಜೀನ್ಸ್ ಹೋಲ್‌ಸೇಲ್ ಅಂತ ಹುಡುಕಿದರೆ ಮೊದಲ ಪುಟದಲ್ಲೇ ನಾವು. ಕೌಲ್ ಬಜಾರ್‌ನಲ್ಲಿ ನಮಗಿಂತ ಹತ್ತು ಪಟ್ಟು ದೊಡ್ಡವರಿದ್ದಾರೆ, ಅವರ ಹೆಸರು ನಮ್ಮ ಕೆಳಗೆ! ಕೇರಳದಿಂದ, ವಿದರ್ಭದಿಂದ ಗುರುತು ಪರಿಚಯ ಇಲ್ಲದವರು ಫೋನ್ ಮಾಡುತ್ತಿದ್ದರು. ಸೊಂಟದ ಟ್ಯಾಗ್ ಮೇಲೂ ಅದೇ ವಿಳಾಸ ಅಚ್ಚು ಹಾಕಿಸಿದೆವು.

2024ರ ನವೆಂಬರ್ 1ಕ್ಕೆ ಊರಿನ ಹೆಸರು ಸರ್ಕಾರಿ ದಾಖಲೆಯಲ್ಲಿ ಬದಲಾಗಿ ಹತ್ತು ವರ್ಷ. 2014ರ ರಾಜ್ಯೋತ್ಸವದಂದು ಹನ್ನೆರಡು ಊರುಗಳ ಹೆಸರು ಬದಲಾಯಿತಲ್ಲ, ಅದರಲ್ಲಿ ನಮ್ಮದೂ ಒಂದು. ನಮ್ಮ ಯಜಮಾನರಿಗೆ ಒಂದು ಹುಮ್ಮಸ್ಸು ಬಂತು: ಬೋರ್ಡ್, ಕಾರ್ಡ್ ಎಲ್ಲಾ ಹೊಸ ಸ್ಪೆಲ್ಲಿಂಗ್‌ನಲ್ಲಿವೆ, ವೆಬ್‌ಸೈಟ್ ಮಾತ್ರ ಯಾಕೆ ಹಳೇದು? ಸರಿ, ಹೊಸ ಡೊಮೈನ್, ಅಂದರೆ ವೆಬ್‌ಸೈಟಿಗೆ ಹೊಸ ವಿಳಾಸ, ತಗೊಂಡೆವು. ಹಳೆ ಹುಡುಗ ಅಷ್ಟರಲ್ಲಿ ಹೈದರಾಬಾದಿಗೆ ಕೆಲಸಕ್ಕೆ ಹೋಗಿದ್ದ. ವೆಬ್‌ಸೈಟ್ ಮಾಡುವ ಬೇರೆ ಒಬ್ಬ ಡೆವಲಪರನ್ನು ಹಿಡಿದೆವು. ಅವರು ತಮ್ಮದೇ ಹೋಸ್ಟಿಂಗ್‌ನಲ್ಲಿ ಜಾಗ ಕೊಟ್ಟು, ಹಳೆಯದನ್ನೇ ನಕಲು ಮಾಡಿ, ಬಣ್ಣ ಬದಲಾಯಿಸಿ ರಾಜ್ಯೋತ್ಸವದ ದಿನವೇ ಹೊಸ ವೆಬ್‌ಸೈಟ್ ತೆರೆದರು. ಸಿಹಿ ಹಂಚಿದೆವು.

ನವೆಂಬರ್, ಡಿಸೆಂಬರ್‌ನಲ್ಲಿ ಫೋನ್‌ಗಳು ಮಾಮೂಲಿನಂತೆ ಬರುತ್ತಲೇ ಇದ್ದವು. ಹೊಸ ವೆಬ್‌ಸೈಟ್ ಚೆನ್ನಾಗಿ ನಡೀತಿದೆ ಅಂದುಕೊಂಡೆವು. ಅಸಲಿಗೆ ಆ ಫೋನ್‌ಗಳೆಲ್ಲ ಹಳೆ ವೆಬ್‌ಸೈಟ್ ನೋಡಿ ಬರುತ್ತಿದ್ದವು. ಅದಿನ್ನೂ ಹಳೆ ಜಾಗದಲ್ಲಿ ಜೀವಂತವಾಗಿತ್ತು, ಗೂಗಲ್ ಅದನ್ನೇ ತೋರಿಸುತ್ತಿತ್ತು. ಹೊಸದನ್ನು ಹೊರಗಿನವರು ಒಬ್ಬರೂ ನೋಡಿರಲಿಲ್ಲ. ನಾನು ಆ ಡೆವಲಪರನ್ನು ಒಮ್ಮೆ ಕೇಳಿದ್ದೆ, ಹೊಸ ವಿಳಾಸ ಗೂಗಲ್‌ನಲ್ಲಿ ಕಾಣ್ತಾ ಇಲ್ವಲ್ಲ ಅಂತ. "ಅಕ್ಕಾ, ಹೊಸ ಡೊಮೈನ್ ಅಲ್ವಾ, ಆರು ತಿಂಗಳು ಬೇಕು" ಅಂದರು. ನಂಬಿದೆ.

ಜನವರಿಯಲ್ಲಿ ಹೈದರಾಬಾದಿನ ಹುಡುಗನಿಂದ ವಾಟ್ಸಾಪ್ ಬಂತು. "ಅಕ್ಕಾ, ಹೋಸ್ಟಿಂಗ್ ರಿನ್ಯೂವಲ್ 10ನೇ ತಾರೀಖು, ಮಾಡ್ಲಾ?" ನಾನು ಬರೆದೆ: "ಬೇಡಪ್ಪ, ಬೇರೆ ಹೋಸ್ಟಿಂಗ್ ತಗೊಂಡಿದ್ದೇವೆ." ಅವನು ಕೈ ಮುಗಿಯುವ ಚಿತ್ರ ಕಳಿಸಿದ. ಅಷ್ಟೇ ಮಾತುಕತೆ. ಆ ಒಂದು ಸಾಲಿನ ಬಿಲ್ ಒಳಗೆ ಡೊಮೈನೂ ಸೇರಿತ್ತು ಅಂತ ನನಗೆ ಹೊಳೆಯಲಿಲ್ಲ, ಹೇಳಬೇಕು ಅಂತ ಅವನಿಗೆ ಅನಿಸಲಿಲ್ಲ. ಹಳೆ ವಿಳಾಸ ಇನ್ನು ಬೇಡ ಅಂತಲೇ ಅವನು ತಿಳಿದುಕೊಂಡಿದ್ದ.

ಆಮೇಲೆ ಮಾವನಿಗೆ ಇದನ್ನು ವಿವರಿಸಲು ಹೋದಾಗ ಅವರು ಕೇಳಿದ್ದು ಇದನ್ನೇ. "ಅದೇನು ಎರಡೆರಡು ಹೇಳ್ತೀಯಮ್ಮ, ಬಿಲ್ಲು ಒಂದೇ ಐತಲ್ಲ?" ಅಂದರು. ನಾನು ಹೇಳಿದೆ: ಹೋಸ್ಟಿಂಗ್ ಅಂದರೆ ವೆಬ್‌ಸೈಟಿನ ಪುಟ, ಫೋಟೋ ಇಡುವ ಗೋಡೌನ್ ಬಾಡಿಗೆ. ಬೇಕಾದಾಗ ಖಾಲಿ ಮಾಡಿ ಇನ್ನೊಂದು ಹಿಡೀಬಹುದು. ಡೊಮೈನ್, ಅಂದರೆ ವಿಳಾಸ, ಪಹಣಿ ಇದ್ದ ಹಾಗೆ. ಅದು ಯಾರ ಹೆಸರಲ್ಲಿದೆಯೋ ಜಾಗ ಅವರದು. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರೆ ಎಂಟು ವರ್ಷ ಪರರ ಪಹಣಿಯಾಗ ಬೆಳೆ ತೆಗೆದ್ವಿ ಅನ್ನು" ಅಂದರು. ಹೌದು, ಅಷ್ಟೇ. ಆ ಹುಡುಗ ಡೊಮೈನನ್ನು ತನ್ನ ಹೆಸರಲ್ಲೇ ತೆಗೆದಿದ್ದ. ಕೆಟ್ಟ ಉದ್ದೇಶವೇನೂ ಇರಲಿಲ್ಲ, ಆಗ ಎಲ್ಲರಿಗೂ ಹಾಗೇ ಮಾಡುತ್ತಿದ್ದ.

ಅವಧಿ ಮುಗಿದ ಡೊಮೈನ್ ಏನಾಗುತ್ತದೆ ಅನ್ನೋದು ಆ ಶನಿವಾರ ರಾತ್ರಿ ಕೂತು ಕಲಿತಿದ್ದು. ಡಾಟ್ ಕಾಮ್ ವಿಳಾಸ ಮುಗಿದ ತಕ್ಷಣ ಬೇರೆಯವರ ಕೈಗೆ ಹೋಗಲ್ಲ. ಮೊದಲು ಒಂದಿಷ್ಟು ದಿನ ಮಾಮೂಲಿ ಬೆಲೆಗೇ ನವೀಕರಿಸಬಹುದು. ಎಷ್ಟು ದಿನ ಅನ್ನೋದು ಮಾರಿದ ಕಂಪನಿ ಮೇಲೆ, ಹೆಚ್ಚೆಂದರೆ 45. ಆ ಹೊತ್ತಿಗೆ ಅಲ್ಲಿ ಜಾಹೀರಾತಿನ ಪುಟ ಕೂರಿಸಿರುತ್ತಾರೆ. ಆಮೇಲೆ 30 ದಿನ ರಿಡೆಂಪ್ಷನ್ ಅಂತ ಇನ್ನೊಂದು ಅವಧಿ, ಆಗ ವಾಪಸ್ ಬೇಕಂದರೆ ದಂಡ ಸೇರಿಸಿ ಕಟ್ಟಬೇಕು. ಅದೂ ಮುಗಿದರೆ 5 ದಿನ ಯಾರೂ ಮುಟ್ಟುವಂತಿಲ್ಲ. ಆಮೇಲೆ ಮೊದಲು ಬಂದವರ ಪಾಲು. ಹೀಗೆ ಬಿಟ್ಟುಹೋದ ಹಳೆ ವಿಳಾಸಗಳಿಗಾಗಿಯೇ ಕಾದು ಕೂತಿರುವವರಿದ್ದಾರೆ. ಬೆಟ್ಟಿಂಗ್ ಆಟದವರಿಗೆ ಹಳೆ ಹೆಸರಿನ ಡೊಮೈನ್ ಅಂದರೆ ಬಲು ಇಷ್ಟ.

ನಾನು ಲೆಕ್ಕ ಹಾಕಿದೆ. ಮುಗಿದು 36 ದಿನ. ನಮ್ಮ ಡೊಮೈನ್ ಮಾರಿದ ಕಂಪನಿಯಲ್ಲಿ ಆಗಲೇ ದಂಡ ಶುರುವಾಗಿಬಿಟ್ಟಿತ್ತು.

ಹುಡುಗನಿಗೆ ಫೋನ್ ಮಾಡಿದರೆ ಪಾಪ, ಗಾಬರಿಯಾದ. ಲಾಗಿನ್ ಆಗಲು ಕೂತ. ಪಾಸ್‌ವರ್ಡ್ ನೆನಪಿಲ್ಲ. ಬದಲಾಯಿಸಲು ಹೋದರೆ ಓಟಿಪಿ ಹೋಗೋದು ಯಾವ ಮೇಲ್‌ಗೆ ಗೊತ್ತಾ? ನಮ್ಮದೇ ಹಳೆ ಡೊಮೈನ್‌ನ ಮೇಲ್‌ಗೆ! ಡೊಮೈನ್ ಸತ್ತ ಮೇಲೆ ಆ ಮೇಲೂ ಸತ್ತಿದೆ. ಬೀಗದ ಕೈ ಒಳಗೇ ಇಟ್ಟು ಬಾಗಿಲು ಎಳೆದುಕೊಂಡ ಹಾಗೆ. ಅವಧಿ ಮುಗಿಯುವ ಮುಂಚೆ ಬಂದಿದ್ದ ಎಚ್ಚರಿಕೆಗಳೂ ಅಲ್ಲೇ ಬಿದ್ದಿದ್ದವು. ನಾವು ನವೆಂಬರ್‌ನಿಂದ ಆ ಮೇಲ್ ತೆಗೆದೇ ನೋಡಿರಲಿಲ್ಲ. ಅವನ ಆಧಾರ್, ಹಳೆ ಪಾವತಿ ರಸೀದಿ, ಒಂದು ಪತ್ರ, ಇಷ್ಟೆಲ್ಲ ಕಳಿಸಿ, ದಿನಾ ಫೋನ್ ಮಾಡಿ, ಫೆಬ್ರವರಿ 26ಕ್ಕೆ ಡೊಮೈನ್ ವಾಪಸ್ ಸಿಕ್ಕಿತು. ಒಂಬತ್ತು ಸಾವಿರದ ಚಿಲ್ಲರೆ ಹೋಯಿತು. ವರ್ಷಕ್ಕೆ ಸಾವಿರ ಚಿಲ್ಲರೆಯಲ್ಲಿ ಮುಗಿಯುತ್ತಿದ್ದ ಕೆಲಸ.

ಆ ಹತ್ತು ಹನ್ನೊಂದು ದಿನದಲ್ಲಿ ಇನ್ನೊಂದು ತಮಾಷೆ ನಡೆಯಿತು. ಈಗ ತಮಾಷೆ ಅಂತೀನಿ, ಆಗ ಅಳು ಬಂದಿತ್ತು. ಹೊಸ ವೆಬ್‌ಸೈಟಾದರೂ ಗೂಗಲ್‌ನಲ್ಲಿ ಬರಲಿ ಅಂತ ಹೊಸ ಡೆವಲಪರ್‌ಗೆ ಗಂಟು ಬಿದ್ದೆ. ನನ್ನ ತಂಗಿಯ ಮಗ ಬೆಂಗಳೂರಿನಲ್ಲಿ ಇದೇ ಕೆಲಸದಲ್ಲಿದ್ದಾನೆ, ಅವನು ಫೋನ್‌ನಲ್ಲೇ ಹೇಳಿದ: "ದೊಡ್ಡಮ್ಮ, ನಿಮ್ಮ ವೆಬ್‌ಸೈಟ್ ಕಟ್ಟಿರೋದು ವರ್ಡ್‌ಪ್ರೆಸ್ ಅನ್ನೋ ಸಾಫ್ಟ್‌ವೇರ್‌ನಲ್ಲಿ, ಅದರ ಸೆಟ್ಟಿಂಗ್ಸ್‌ನಲ್ಲಿ ರೀಡಿಂಗ್ ಅಂತ ಪುಟ ಇರುತ್ತೆ. ಅಲ್ಲಿ ಸರ್ಚ್ ಎಂಜಿನ್ ಬರಬೇಡಿ ಅನ್ನೋ ಚೌಕಕ್ಕೆ ಟಿಕ್ ಇದೆಯಾ ನೋಡ್ಸು." ಇತ್ತು! ವೆಬ್‌ಸೈಟ್ ಕಟ್ಟುವಾಗ ಅರೆಬರೆ ಪುಟಗಳು ಗೂಗಲ್‌ಗೆ ಬೀಳದಿರಲಿ ಅಂತ ಹಾಕುವ ಟಿಕ್ ಅದು. ಮುಗಿದ ಮೇಲೆ ತೆಗೆಯಲು ಮರೆತಿದ್ದರು. ಮೂರೂವರೆ ತಿಂಗಳು ನಾವು ಅಂಗಡಿ ತೆರೆದು ಶಟರ್ ಕೆಳಗೆ ಎಳೆದುಕೊಂಡು ಕೂತಿದ್ದೆವು. ಆರು ತಿಂಗಳಲ್ಲ, ಆರು ವರ್ಷ ಕಾದರೂ ಬರುತ್ತಿರಲಿಲ್ಲ.

ಟಿಕ್ ತೆಗೆದೆ ಅಂದರು ಡೆವಲಪರ್. ವಾರದ ಮೇಲೆ ನಮ್ಮ ಹೆಸರು ಹುಡುಕಿದೆ. ನಮ್ಮದೇ ಪ್ಯಾಂಟುಗಳ ಫೋಟೋ, ನಮ್ಮದೇ ಸೈಜ್ ಸೆಟ್ ಪಟ್ಟಿ, ಎಲ್ಲಾ ಬಂತು. ವಿಳಾಸ ಮಾತ್ರ ಆ ಡೆವಲಪರ್ ಅವರ ಸ್ವಂತ ಡೊಮೈನ್! ಪರೀಕ್ಷೆಗೆ ಅಂತ ತಮ್ಮ ವಿಳಾಸದ ಕೆಳಗೆ ಒಂದು ನಕಲು ಕಟ್ಟಿಕೊಂಡಿದ್ದರು, ಅದನ್ನು ಅಳಿಸಿರಲಿಲ್ಲ. ಟಿಕ್ ತೆಗೆದಿದ್ದು ಆ ನಕಲಿನಲ್ಲಿ. ಅಸಲಿನಲ್ಲಿ ಹಾಗೇ ಇತ್ತು. ಒಂದೇ ವಿಷಯ ಎರಡು ಮೂರು ವಿಳಾಸದಲ್ಲಿದ್ದರೆ ಗೂಗಲ್ ದಂಡ ಹಾಕುತ್ತದೆ ಅಂತ ಹಲವರು ಹೆದರಿಸುತ್ತಾರೆ. ಹಾಗೇನೂ ಇಲ್ಲ. ಅದು ಅವುಗಳಲ್ಲಿ ಒಂದನ್ನು ಅಸಲಿ ಅಂತ ಆರಿಸಿಕೊಂಡು ಉಳಿದದ್ದನ್ನು ಬದಿಗಿಡುತ್ತದೆ. ಅಸಲಿ ಬಾಗಿಲಿಗೆ ನಾವೇ ಬೀಗ ಹಾಕಿದ್ದಾಗ ಅದು ಇನ್ಯಾವುದನ್ನು ಆರಿಸಬೇಕು?

ನಿಮ್ಮದು ಹೇಗಿದೆ ಅಂತ ಈಗಲೇ ನೋಡಿಕೊಳ್ಳಬಹುದು. ಗೂಗಲ್‌ನಲ್ಲಿ ಇಂಗ್ಲಿಷಿನಲ್ಲಿ ಸೈಟ್ ಅಂತ ಟೈಪ್ ಮಾಡಿ, ಮೇಲೊಂದು ಕೆಳಗೊಂದು ಚುಕ್ಕೆಯ ಕೋಲನ್ ಹಾಕಿ, ಜಾಗ ಬಿಡದೆ ನಿಮ್ಮ ವಿಳಾಸ ಬರೆಯಿರಿ. ಒಂದೂ ಪುಟ ಬರದಿದ್ದರೆ ಎಲ್ಲೋ ಶಟರ್ ಕೆಳಗಿದೆ ಅಂತಲೇ ಅನುಮಾನಿಸಿ. ಹಾಗೇ ನಿಮ್ಮ ಪುಟದ ಒಂದು ಪೂರ್ತಿ ಸಾಲನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ. ಬೇರೆ ಯಾರ ವಿಳಾಸದಲ್ಲಾದರೂ ನಿಮ್ಮ ಮಾಲು ಕೂತಿದ್ದರೆ ಗೊತ್ತಾಗುತ್ತದೆ.

ಈ ಗಡಿಬಿಡಿಯಲ್ಲಿ ಒಬ್ಬರು ಎಸ್‌ಇಒ ತಜ್ಞರೂ, ಅಂದರೆ ವೆಬ್‌ಸೈಟನ್ನು ಗೂಗಲ್‌ನಲ್ಲಿ ಮೇಲೆ ತರುತ್ತೇವೆ ಅನ್ನುವವರು, ವಕ್ಕರಿಸಿದರು. ನಿಮ್ಮ ಸರ್ವರ್ ಬೇರೆ ನೂರು ವೆಬ್‌ಸೈಟ್‌ಗಳ ಜೊತೆ ಹಂಚಿಕೊಂಡಿದೆ, ಅದಕ್ಕೇ ಗೂಗಲ್ ಕೆಳಗೆ ತಳ್ಳಿದೆ, ಸ್ವಂತ ಐಪಿ (ಸರ್ವರ್‌ನ ಅಂಕಿಗಳ ವಿಳಾಸ) ತಗೊಳ್ಳಿ, ಮೂರು ತಿಂಗಳಲ್ಲಿ ಒಂದನೇ ಸ್ಥಾನ ಗ್ಯಾರಂಟಿ ಅಂದರು. ಆ ಹೊತ್ತಿಗೆ ಮುಳುಗುವವಳಿಗೆ ಹುಲ್ಲುಕಡ್ಡಿ ಸಿಕ್ಕ ಹಾಗಾಗಿ ಮುಂಗಡ ಕೊಟ್ಟೆ, ಅದು ಹೋಯಿತು. ಹಂಚಿಕೊಂಡ ಹೋಸ್ಟಿಂಗ್‌ನಿಂದ ರ‍್ಯಾಂಕ್ ಬೀಳಲ್ಲ. ಒಂದನೇ ಸ್ಥಾನಕ್ಕೆ ಯಾರೂ ಗ್ಯಾರಂಟಿ ಕೊಡಲಾಗದು ಅಂತ ಗೂಗಲ್ಲೇ ಬರೆದುಕೊಂಡಿದೆ. ಆ ಪುಟ ನಾನು ಓದಿದ್ದು ದುಡ್ಡು ಕೊಟ್ಟ ಮೇಲೆ.

ಮಾರ್ಚ್‌ನಲ್ಲಿ ತಂಗಿಯ ಮಗ ಎರಡು ದಿನ ರಜೆ ಹಾಕಿ ಬಂದ. ಮೊದಲು ಹಳೆ ಡೊಮೈನನ್ನು ಅದೇ ಕಂಪನಿಯಲ್ಲಿ ನಮ್ಮ ಹೆಸರಿನ ಖಾತೆಗೆ ಹಾಕಿಸಿದ. ಖಾತೆಗೆ ಕೊಟ್ಟ ಮೇಲ್ ನನ್ನ ಮಾಮೂಲಿ ಜಿಮೇಲ್. ಆಮೇಲೆ ಹಳೆ ವೆಬ್‌ಸೈಟಿನ ಪಟ್ಟಿ ಮಾಡಿದ, 43 ಪುಟ. ಪ್ರತಿ ಹಳೆ ಪುಟಕ್ಕೂ ಅದರ ಜೋಡಿ ಹೊಸ ಪುಟದ ವಿಳಾಸ ಬರೆದು 301 ರಿಡೈರೆಕ್ಟ್ ಹಾಕಿದ. ರಿಡೈರೆಕ್ಟ್ ಅಂದರೆ ಹಳೆ ಪುಟ ತೆರೆದವರನ್ನು ತಾನೇ ಹೊಸ ಪುಟಕ್ಕೆ ಕಳಿಸೋದು. 301 ಅಂದರೆ ಕಾಯಂ ಆಗಿ ಇಲ್ಲಿಗೆ ಬಂದಿದ್ದೇವೆ ಅಂತ ಹೇಳುವ ಸೂಚನೆ. 302 ಅನ್ನೋದು ಸದ್ಯಕ್ಕೆ ಮಾತ್ರ ಇಲ್ಲಿದ್ದೇವೆ ಅನ್ನುವಂಥದ್ದು. ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸಿಬಿಡೋಣ, ಸುಲಭ ಅಲ್ವಾ ಅಂದೆ. ಬೈದ. ಹೆಂಗಸರ ಜೀನ್ಸ್ ಹುಡುಕಿ ಬಂದವರನ್ನು ಗೇಟಿನ ಹತ್ತಿರ ನಿಲ್ಲಿಸಿ ಹುಡುಕ್ಕೋ ಹೋಗಿ ಅಂದರೆ ಅವರೂ ಹೋಗ್ತಾರೆ, ಗೂಗಲ್ಲೂ ಹೋಗುತ್ತೆ ಅಂದ.

ನಾನು ಊಹಿಸಿಯೇ ಇರದ ಒಂದು ಸಂಗತಿ ಎಸ್‌ಎಸ್‌ಎಲ್ ಸರ್ಟಿಫಿಕೇಟ್, ಅಂದರೆ ಈ ವಿಳಾಸ ಸುರಕ್ಷಿತ ಅಂತ ಬ್ರೌಸರ್‌ಗೆ ತೋರಿಸುವ ಗುರುತು. ಹಳೆ ವಿಳಾಸಕ್ಕೂ ಅದು ಬೇಕು. ಇಲ್ಲದಿದ್ದರೆ ಹೊಸ ಮನೆಗೆ ದಾರಿ ತೋರಿಸುವ ಮುಂಚೆಯೇ ಬ್ರೌಸರ್ ಅಪಾಯ ಅಂತ ಎಚ್ಚರಿಸಿ ನಿಲ್ಲಿಸಿಬಿಡುತ್ತದೆ. 90 ದಿನ ಬಾಳುವ ಪುಕ್ಕಟೆ ಸರ್ಟಿಫಿಕೇಟ್ ಹಾಕಿದ, ಮುಗಿಯುವ ಮುಂಚೆ ತಾನೇ ಹೊಸದಾಗುವ ಹಾಗೆ. ನೇಮ್‌ಸರ್ವರ್, ಅಂದರೆ ವಿಳಾಸ ಯಾವ ಸರ್ವರ್‌ಗೆ ಹೋಗಬೇಕು ಅಂತ ಹೇಳುವುದನ್ನು, ಬದಲಾಯಿಸುವ ಮುಂಚೆ ಮೇಲ್ ಎಲ್ಲಿಗೆ ತಲುಪಬೇಕು ಅನ್ನುವ ಎಂಎಕ್ಸ್ ದಾಖಲೆಗಳನ್ನೂ ಬರೆದಿಟ್ಟುಕೊಂಡ. ಅದನ್ನು ಮರೆತರೆ ವೆಬ್‌ಸೈಟ್ ಬಂದರೂ ಮೇಲ್ ನಿಂತು ಹೋಗುತ್ತದಂತೆ. ಕೊನೆಗೆ ಎರಡೂ ಡೊಮೈನನ್ನು, ವೆಬ್‌ಸೈಟ್ ಮಾಲೀಕರಿಗೆ ಅಂತ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ಗೆ ಸೇರಿಸಿ, ಅಲ್ಲಿ ವಿಳಾಸ ಬದಲಾವಣೆ ಅಂತಿರುವ ಸವಲತ್ತಿನಲ್ಲಿ ಹಳೆಯದರಿಂದ ಹೊಸದಕ್ಕೆ ಬಂದಿದ್ದೇವೆ ಅಂತ ತಿಳಿಸಿದ. ಹಳೆ ಡೊಮೈನ್ ನಮ್ಮ ಕೈಯಲ್ಲಿ ಇಲ್ಲದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ಡೆವಲಪರ್ ಅವರ ನಕಲಿಗೂ 301 ಹಾಕಿಸಿದೆವು. ಅದಕ್ಕೆ ನಾಲ್ಕು ಸಲ ಫೋನ್ ಮಾಡಬೇಕಾಯಿತು.

ಅಷ್ಟರಲ್ಲಿ ರಂಜಾನ್ ಸೀಜನ್ ಮುಗಿದಿತ್ತು. ಆ ವರ್ಷ ವೆಬ್‌ಸೈಟ್ ನೋಡಿ ಬಂದ ಹೊಸ ಪಾರ್ಟಿ ಒಂದೂ ಇಲ್ಲ. ಕಟ್ ಮಾಡಿಟ್ಟಿದ್ದ ಲಾಟ್‌ಗಳನ್ನು ಊರಲ್ಲೇ ಇಳಿಸಿದ ರೇಟಿಗೆ ಕೊಟ್ಟೆವು. ಜೂನ್‌ನಲ್ಲಿ ಹೊಸ ವಿಳಾಸ ಎರಡನೇ ಪುಟದಲ್ಲಿ ಕಾಣಿಸಿಕೊಂಡಿತು. ದಸರಾ ಹೊತ್ತಿಗೆ ಹೊಸ ಸ್ಪೆಲ್ಲಿಂಗ್ ಹಾಕಿ ಹುಡುಕಿದರೆ ಮೊದಲ ಪುಟ, ಹಳೆ ಸ್ಪೆಲ್ಲಿಂಗ್‌ಗೆ ಇನ್ನೂ ಎರಡನೇದು. ಸರ್ಚ್ ಕನ್ಸೋಲ್ ತೆರೆದು ನೋಡಿದರೆ ಹೊರ ರಾಜ್ಯದವರು ಇವತ್ತಿಗೂ ಹಳೆ ಸ್ಪೆಲ್ಲಿಂಗೇ ಜಾಸ್ತಿ ಹೊಡೀತಾರೆ. ವಿಳಾಸ ಬದಲಾಯಿಸುವ ಅಗತ್ಯವೇ ಇರಲಿಲ್ಲ ಅಂತ ನನಗನ್ನಿಸುತ್ತದೆ. ಯಜಮಾನರು ಒಪ್ಪಲ್ಲ.

ಈಗ ನಿಮ್ಮ ವೆಬ್‌ಸೈಟ್ ನೋಡಿಕೊಳ್ಳುವವರಿಗೆ ಒಂದು ಫೋನ್ ಮಾಡಿ. ಡೊಮೈನ್ ಯಾವ ಕಂಪನಿಯಲ್ಲಿದೆ, ಯಾರ ಹೆಸರಲ್ಲಿದೆ, ಯಾವ ಮೇಲ್‌ಗೆ ಓಟಿಪಿ ಹೋಗುತ್ತದೆ, ಯಾವ ತಾರೀಖಿಗೆ ಮುಗಿಯುತ್ತದೆ, ಇಷ್ಟು ಕೇಳಿ ಬರೆದುಕೊಳ್ಳಿ. ತಾರೀಖನ್ನು ಐಕ್ಯಾನ್ (ಡೊಮೈನ್‌ಗಳ ವ್ಯವಸ್ಥೆ ನೋಡಿಕೊಳ್ಳುವ ಸಂಸ್ಥೆ) ಲುಕಪ್ ಪುಟದಲ್ಲಿ ನೀವೇ ನೋಡಬಹುದು, ಯಾರನ್ನೂ ಕೇಳಬೇಕಿಲ್ಲ. ಬಿಲ್‌ನಲ್ಲಿ ಡೊಮೈನ್ ಬೇರೆ, ಹೋಸ್ಟಿಂಗ್ ಬೇರೆ ಸಾಲು ಹಾಕಿಸಿ.

ರಿಡೈರೆಕ್ಟನ್ನು ಕನಿಷ್ಠ ಒಂದು ವರ್ಷ ಇಡಿ ಅಂತ ಗೂಗಲ್ ಹೇಳುತ್ತದೆ. ನಾನು ಹಳೆ ಡೊಮೈನಿಗೆ ಒಟ್ಟಿಗೆ ಐದು ವರ್ಷದ ದುಡ್ಡು ಕಟ್ಟಿದ್ದೇನೆ. ಬಳಸದೇ ಇರೋದಕ್ಕೆ ಯಾಕಮ್ಮ ದುಡ್ಡು ಅಂತ ಮಾವ ಕೇಳಿದರು. ಹಳೆ ವಿಳಾಸ ಅಚ್ಚಾದ ಟ್ಯಾಗ್‌ಗಳು ಇನ್ನೂ ಎರಡು ಬಂಡಲ್ ಉಳಿದಿದ್ದವು, ಅವನ್ನು ತೋರಿಸಿದೆ. ಈಗ ಹೊಲಿಯುತ್ತಿರುವ ಲಾಟ್‌ಗೂ ಅವನ್ನೇ ಹಾಕುತ್ತಿದ್ದೇವೆ.