ಕಾರ್ ಡೋರ್‌ಗೆ ಡೆಂಟ್, ಸ್ಕ್ರ್ಯಾಚ್ ಆಗ್ಬಾರ್ದು ಅಂದ್ರೆ ಏನ್ ಹಾಕ್ಸೋದು? ಬೀಡಿಂಗ್, ಎಡ್ಜ್ ಗಾರ್ಡ್, ಮ್ಯಾಗ್ನೆಟ್, ಪಿಪಿಎಫ್ ಎಲ್ಲಾ ಹಾಕಿ ನೋಡಿದ್ಮೇಲೆ

ಮುಂಬೈ ಹತ್ರದ ಡೊಂಬಿವಲಿಯಲ್ಲಿರೋ ನಮ್ಮ ಭಾವ ಹೊಸ ಕಾರ್ ಬುಕ್ ಮಾಡಿದಾರೆ. ಶೋರೂಮಲ್ಲಿ ಸೆರಾಮಿಕ್ ಕೋಟಿಂಗ್ (ಪೇಂಟ್ ಮೇಲೆ ಬಳಿಯೋ ತೆಳು ಲೇಪ) ಪ್ಯಾಕೇಜ್ ತಗೊಳ್ಳಿ ಸಾರ್, ಡೋರ್‌ಗೆ ಏನೂ ಆಗಲ್ಲ ಅಂದ್ರಂತೆ, ತಗೊಳ್ಳೋದಾ ಬೇಡ್ವಾ ಅಂತ ನಂಗೆ ಫೋನ್ ಮಾಡಿದ್ರು. ಡೋರ್ ಉಳಿಸ್ಕೊಳ್ಳೋಕೆ ಅಂತ ತಗೊಳ್ಳೋದಾದ್ರೆ ಬೇಡವೇ ಬೇಡ ಭಾವ ಅಂದೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೀತಿದೀನಿ, ಯಾಕಂದ್ರೆ ಇದ್ರಲ್ಲಿ ಜನ ದುಡ್ಡು ಹಾಕೋದು ಒಂದು ಕಡೆ, ಏಟು ಬೀಳೋದು ಇನ್ನೊಂದು ಕಡೆ.

ಡೆಂಟ್ ಬೇರೆ, ಸ್ಕ್ರ್ಯಾಚ್ ಬೇರೆ. ಡೆಂಟ್ ಅಂದ್ರೆ ತಗಡು ಗುಳಿ ಬೀಳೋದು, ಸ್ಕ್ರ್ಯಾಚ್ ಅಂದ್ರೆ ಪೇಂಟ್ ಮೇಲೆ ಗೀರು. ಡೋರಿನ ಹೊರಗಿನ ತಗಡು ಸುಮಾರು 0.7 ಮಿಲಿಮೀಟರ್ ಅಷ್ಟೇ ಇರೋದು, ಅದರ ಮೇಲೆ ಕಂಪನಿ ಪೇಂಟು ಪ್ರೈಮರಿಂದ ಕ್ಲಿಯರ್ ಕೋಟ್ ತನಕ ಎಲ್ಲಾ ಸೇರಿ 100ರಿಂದ 150 ಮೈಕ್ರಾನ್ (ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಸೆರಾಮಿಕ್ ಕೋಟಿಂಗ್ ಇದಕ್ಕೆ ಸೇರಿಸೋದು ಒಂದೆರಡು ಮೈಕ್ರಾನ್. ಹೊಳಪು ಬರುತ್ತೆ, ನೀರು ಜಾರುತ್ತೆ, ತೊಳೆಯೋಕೆ ಸುಲಭ, ಅದೆಲ್ಲಾ ನಿಜ. ಆದ್ರೆ ಪಕ್ಕದ ಕಾರಿನ ಡೋರ್ ಬಂದು ಬಡಿದ್ರೆ ಆ ಏಟನ್ನ ತಡೆಯೋಕೆ ಅಲ್ಲಿ ದಪ್ಪ ಅನ್ನೋದೇ ಇಲ್ಲ. 9ಎಚ್ ಗಡಸು ಅಂತ ತೋರಿಸ್ತಾರಲ್ಲ, ಅದು ಪೆನ್ಸಿಲ್ ಮೊನೆಯಿಂದ ಗೀಚಿ ಅಳೆಯೋ ಲೆಕ್ಕ, ಡೆಂಟಿಗೂ ಅದಕ್ಕೂ ಸಂಬಂಧ ಇಲ್ಲ.

ಮುಂಬೈಲಿ ಇದು ಯಾಕೆ ಇಷ್ಟು ದೊಡ್ಡ ತಲೆನೋವು ಅಂದ್ರೆ ಜಾಗ. ಇಲ್ಲಿನ ಕಟ್ಟಡ ಕಟ್ಟೋ ನಿಯಮ ಡಿಸಿಪಿಆರ್ 2034ರಲ್ಲಿ ಸಣ್ಣ ಕಾರಿನ ಪಾರ್ಕಿಂಗ್ ಅಂದ್ರೆ 2.3 ಮೀಟರ್ ಅಗಲ, 4.5 ಮೀಟರ್ ಉದ್ದ. ನಮ್ಮದು ಬಲೆನೊ, ಅಗಲ 1745 ಮಿಲಿಮೀಟರ್, ಮುಲುಂಡಿನ ನಮ್ಮ ಸೊಸೈಟಿಯಲ್ಲಿ ಪಕ್ಕದ ಸ್ಲಾಟ್‌ನಲ್ಲಿರೋದು ಕ್ರೆಟಾ, ಅದು 1790. ಇಬ್ರೂ ಗೆರೆ ಮಧ್ಯಕ್ಕೆ ಸರಿಯಾಗಿ ನಿಲ್ಲಿಸಿದ್ರೂ ನಡುವೆ ಉಳಿಯೋದು 53 ಸೆಂಟಿಮೀಟರ್, ಅದ್ರಲ್ಲೂ ಕನ್ನಡಿಗಳು ಚಾಚ್ಕೊಂಡಿರ್ತವೆ. ಅಷ್ಟರಲ್ಲಿ ಡೋರ್ ತೆಗೆದು ಒಬ್ಬ ಮನುಷ್ಯ ಇಳೀಬೇಕು. ಯಾರ ತಪ್ಪೂ ಅಲ್ಲ, ತಾಗೇ ತಾಗುತ್ತೆ.

ಹಾಗಾಗಿ ನಾನು ಮೊದಲು ನೋಡೋದು ಯಾರು ಯಾರಿಗೆ ತಾಗಿಸ್ತಿದಾರೆ ಅಂತ. ನಮ್ಮ ಡೋರ್ ಹೋಗಿ ಪಿಲ್ಲರ್‌ಗೋ ಗೋಡೆಗೋ ಹೊಡೀತಿದ್ರೆ ಎಡ್ಜ್ ಗಾರ್ಡ್, ಅಂದ್ರೆ ಡೋರ್ ಅಂಚಿಗೆ ಹಾಕೋ ರಬ್ಬರ್. ಬೇರೆಯವರ ಡೋರ್ ನಮ್ಮದಕ್ಕೆ ಹೊಡೀತಿದ್ರೆ ಬೀಡಿಂಗ್ (ಡೋರ್ ಮೈಗೆ ಅಡ್ಡಕ್ಕೆ ಅಂಟಿಸೋ ದಪ್ಪ ಪಟ್ಟಿ) ಇಲ್ಲಾ ಮ್ಯಾಗ್ನೆಟ್ ಗಾರ್ಡ್. ಸ್ಕೂಟರ್ ಹ್ಯಾಂಡಲ್, ಬ್ಯಾಗಿನ ಜಿಪ್ಪು ಉಜ್ಜಿ ಗೆರೆ ಬೀಳ್ತಿದ್ರೆ ಪಿಪಿಎಫ್, ಅಂದ್ರೆ ಪೇಂಟ್ ಪ್ರೊಟೆಕ್ಷನ್ ಫಿಲ್ಮ್.

ಇವೆಲ್ಲದರಲ್ಲಿ ನನಗೆ ಅತೀ ಹೆಚ್ಚು ಕೆಲಸಕ್ಕೆ ಬಂದಿದ್ದು ಸೈಡ್ ಬೀಡಿಂಗ್. 90ರ ದಶಕದ ಎಷ್ಟೋ ಕಾರಲ್ಲಿ ಡೋರ್ ಮಧ್ಯಕ್ಕೆ ದಪ್ಪ ಕಪ್ಪು ಪಟ್ಟಿ ಇರ್ತಿತ್ತಲ್ಲ ಅದೇ, ಈಗ ನೋಡೋಕೆ ಚೆಂದ ಕಾಣಲ್ಲ ಅಂತ ತೆಗೆದುಬಿಟ್ಟಿದಾರೆ, ನನ್ನ ಕೇಳಿದ್ರೆ ಅದನ್ನ ತೆಗೀಲೇಬಾರ್ದಿತ್ತು. ಇಲ್ಲಿ ಎತ್ತರವೇ ಎಲ್ಲಾ. ಈಗ ಬರೋ ಕಂಪನಿ ಆಕ್ಸೆಸರಿ ಬೀಡಿಂಗ್ ಸುಮಾರು ಕಾರುಗಳಲ್ಲಿ ಡೋರಿನ ಕೆಳಭಾಗಕ್ಕೆ ಕೂರುತ್ತೆ, ಅಲಂಕಾರಕ್ಕೆ, ಪಕ್ಕದ ಎಸ್‌ಯುವಿ ಡೋರ್ ಬಡಿಯೋದು ಅದಕ್ಕಿಂತ ಒಂದು ಗೇಣು ಮೇಲೆ. ನಾನು ಮಾಡಿದ್ದು ಇಷ್ಟು: ಪಕ್ಕದವರನ್ನೇ ಕೇಳ್ಕೊಂಡು ಅವರ ಡೋರ್ ಅಂಚಿಗೆ ಸೀಮೆಸುಣ್ಣ ಬಳಿದು, ಮೆತ್ತಗೆ ತೆಗೆದು ನಮ್ಮ ಡೋರ್‌ಗೆ ತಾಗಿಸಿದ್ವಿ. ಬಿಳಿ ಗುರುತು ಬಿದ್ದ ಎತ್ತರಕ್ಕೇ ಬೀಡಿಂಗ್. ಕುರ್ಲಾದ ಸಿಎಸ್‌ಟಿ ರೋಡಿನ ಆಕ್ಸೆಸರಿ ಅಂಗಡಿಗಳಲ್ಲಿ ಮೀಟರ್ ಲೆಕ್ಕದಲ್ಲೂ ಸಿಗುತ್ತೆ. ಡೋರ್ ಮೈಯಿಂದ ಒಂದೂವರೆ ಸೆಂಟಿಮೀಟರ್ ಆದ್ರೂ ಉಬ್ಬಿರೋದನ್ನ ನೋಡಿ, ತೆಳು ಕ್ರೋಮ್ ಪಟ್ಟಿ ಬರೀ ಶೋಕಿ.

ಅಂಟಿಸೋದ್ರಲ್ಲಿ ಅವಸರ ಮಾಡ್ಬೇಡಿ. ಡೋರ್ ತೊಳೆದು, ಒಣಗಿಸಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಮಾಸ್ಕಿಂಗ್ ಟೇಪ್ ಹಾಕಿ ಲೈನ್ ನೋಡ್ಕೊಂಡು ಆಮೇಲೆ ಒತ್ತಬೇಕು. ವಿಎಚ್‌ಬಿ ತರದ, ಎರಡೂ ಬದಿ ಅಂಟೋ ಫೋಮ್ ಟೇಪ್ ಪೂರ್ತಿ ಹಿಡಿಯೋಕೆ 72 ಗಂಟೆ ಬೇಕು, ಅಲ್ಲೀತನಕ ವಾಟರ್ ವಾಶ್ ಬೇಡ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕದಿದ್ರೆ ಒಳ್ಳೇದು. ಈಗ ನಮ್ಮ ಎಡಗಡೆ ಹಿಂದಿನ ಡೋರಿನ ಬೀಡಿಂಗ್ ನೋಡಿದ್ರೆ ಗೊತ್ತಾಗುತ್ತೆ, ಕಪ್ಪು ರಬ್ಬರ್ ಮೇಲೆ ಬಿಳಿ ಪೇಂಟಿನ ಸಣ್ಣ ಸಣ್ಣ ಗೀರು, ಒಂದರ ಮೇಲೊಂದು, ಒಂದು ಕಡೆ ರಬ್ಬರ್ ಉಗುರಿನಷ್ಟು ಕಿತ್ತಿದೆ. ಅದರ ಅಕ್ಕಪಕ್ಕದ ತಗಡು ನಯವಾಗಿದೆ. ಆ ಏಟೆಲ್ಲಾ ಇಲ್ದಿದ್ರೆ ತಗಡಿಗೇ ಬೀಳ್ತಿತ್ತು.

ಎಡ್ಜ್ ಗಾರ್ಡ್ ನಮ್ಮನೆಗೆ ಬೇಕೇ ಬೇಕು. ಅತ್ತೆಗೆ ಮಂಡಿ ನೋವು, ಅವರು ಇಳಿಯೋಕೆ ಡೋರ್ ಪೂರ್ತಿ ತೆರೀಲೇಬೇಕು, ಹುಷಾರು ಹುಷಾರು ಅಂತ ಪ್ರತಿಸಲ ಅವರಿಗೆ ಹೇಳೋಕೆ ನಂಗಂತೂ ಮನಸಿಲ್ಲ. ಇದ್ರಲ್ಲಿ ಎರಡು ತರ ಇದೆ. ಒಳಗೆ ಲೋಹದ ಕ್ಲಿಪ್ ಇರೋ ಯು ಆಕಾರದ ರಬ್ಬರ್, ಇನ್ನೊಂದು ಕ್ಲಿಪ್ ಇಲ್ದೆ ಗೋಂದಲ್ಲಿ ಅಂಟೋ ಬರೀ ರಬ್ಬರ್. ಕ್ಲಿಪ್‌ದು ಗಟ್ಟಿ ಹಿಡಿಯುತ್ತೆ, ಬಿಸಿಲಿಗೂ ಬಿಚ್ಚಲ್ಲ, ಆದ್ರೆ ಒಂದು ಮಳೆಗಾಲ ಕಳೆದ್ಮೇಲೆ ಕಿತ್ತು ನೋಡಿದ್ರೆ ಒಳಗೆ ಕೆಸರು, ಲೋಹ ತಾಗೋ ಜಾಗದಲ್ಲಿ ಪೇಂಟ್ ಮಂಕಾಗಿ ಸವೆದಿತ್ತು. ಸಮುದ್ರದ ಗಾಳಿ ಇರೋ ಊರಲ್ಲಿ ಅಂಚಿನ ಪೇಂಟ್ ಹೋದ್ರೆ ತುಕ್ಕು ಅಲ್ಲಿಂದಾನೇ ಶುರು. ಗೋವಾ, ಮಂಗಳೂರು, ಕಾರವಾರದವರಿಗೂ ಇದೇ ಮಾತು. ಹಾಗಾಗಿ ಗೋಂದಿನದೇ ಇರ್ಲಿ, ಅದೂ ಡೋರ್ ಕೆಳಗಿನ ತಿರುವಿನ ತನಕ ಎಳೀಬೇಡಿ, ಕೆಳ ಅಂಚಲ್ಲಿ ನೀರು ಹೋಗೋ ತೂತುಗಳಿರ್ತವೆ, ಅವು ಮುಚ್ಚಬಾರ್ದು. ಅದರ ಜೊತೆಗೆ ಪಿಲ್ಲರ್‌ಗೇ ಒಂದು ದಪ್ಪ ಇವಿಎ ಫೋಮ್ ಶೀಟ್ ಸುತ್ತಿಸಿದ್ವಿ, ಸೆಕ್ರೆಟರಿ ಹತ್ರ ಒಂದು ಮಾತು ಕೇಳಿ. ಖರ್ಚಿಗೆ ಹೋಲಿಸಿದ್ರೆ ಇಷ್ಟು ಉಪಯೋಗ ಬೇರೆ ಯಾವುದ್ರಿಂದಾನೂ ಆಗಿಲ್ಲ. ಮಕ್ಕಳಿರೋ ಮನೆಯವರು ಹಿಂದಿನ ಡೋರಿನ ಚೈಲ್ಡ್ ಲಾಕ್ ಹಾಕಿಡಿ, ಹೊರಗಿಂದ ನೀವೇ ತೆಗೀಬಹುದು, ಪೈಸೆ ಖರ್ಚಿಲ್ಲ.

ಮ್ಯಾಗ್ನೆಟ್ ಗಾರ್ಡ್ ಅಂದ್ರೆ ಉದ್ದ ಫೋಮ್ ಪಟ್ಟಿ, ಹಿಂದೆ ಆಯಸ್ಕಾಂತ. ಡೆಂಟ್ ತಡೆಯೋ ವಿಷಯದಲ್ಲಿ ಇದು ಬೀಡಿಂಗ್‌ಗಿಂತ ಮೇಲು, ದಪ್ಪ ಇದೆ, ಮೆತ್ತಗಿದೆ, ಎಷ್ಟು ಎತ್ತರಕ್ಕೆ ಬೇಕೋ ಅಷ್ಟಕ್ಕೆ ಹಾಕ್ಬಹುದು. ಆದ್ರೆ ದಿನಾ ಹಾಕಿ ತೆಗೆಯೋದು ಯಾರಿಂದ ಆಗುತ್ತೆ? ಧೂಳಿನ ಡೋರ್ ಮೇಲೆ ಹಾಗೇ ಅಂಟಿಸಿದ್ರೆ ಹಿಂದೆ ಸಿಕ್ಕಿದ ಮರಳು ಕಣ ಪೇಂಟ್ ಗೀಚುತ್ತೆ, ಡೆಂಟ್ ತಪ್ಪಿಸೋಕೆ ಹೋಗಿ ಸ್ಕ್ರ್ಯಾಚ್ ತಗೊಂಡಂಗೆ. ಅಲ್ಯೂಮಿನಿಯಂ ಡೋರ್ ಇದ್ರೆ ಅಂಟೋದೇ ಇಲ್ಲ. ಚೌತಿಗೆ ಟ್ರೈನಲ್ಲಿ ಊರಿಗೆ ಹೋಗುವಾಗ ಕಾರ್ ತೊಳೆದು, ಒರೆಸಿ, ಇದನ್ನ ಹಾಕಿ ಹೋಗ್ತೀವಿ, ಅಷ್ಟಕ್ಕೆ ಬಹಳ ಒಳ್ಳೇದು. ಡೋರ್ ಒಳಗೆ ಸಿಕ್ಕಿಸೋ ದಾರ ಇರೋದನ್ನೇ ತಗೊಳ್ಳಿ, ಇಲ್ದಿದ್ರೆ ವಾಪಸ್ ಬರೋಷ್ಟರಲ್ಲಿ ಇರಲ್ಲ.

ಹೊಸ ಕಾರಿನ ಡೋರಿಗೆ ಅಂಟಿಕೊಂಡು ಬರೋ ನೀಲಿ ಸ್ಪಂಜ್ ತುಂಡು ಸಾಗಾಣಿಕೆಗೆ ಹಾಕಿರೋದು, ಮನೆಗೆ ಬಂದ್ಮೇಲೆ ಕಿತ್ತುಬಿಡಿ. ಬಿಸಿಲಿಗೆ ಗೋಂದು ಸುಟ್ಟು ಕೂತ್ಕೊಳ್ಳುತ್ತೆ, ಮಳೆಲಿ ನೀರು ಹೀರ್ಕೊಂಡೇ ಇರುತ್ತೆ.

ಪಿಪಿಎಫ್ ಒಳ್ಳೇ ವಸ್ತು, ಅದನ್ನ ಬೈಯೋಕೆ ನಂಗೆ ಏನೂ ಇಲ್ಲ. 150ರಿಂದ 200 ಮೈಕ್ರಾನ್ ದಪ್ಪದ, ಟಿಪಿಯು ಅನ್ನೋ ರಬ್ಬರಿನಂಥ ಪ್ಲಾಸ್ಟಿಕ್ ಫಿಲ್ಮ್, ಸಣ್ಣ ಗೀರು ಬಿಸಿಲಿಗೆ ತಾನೇ ಮಾಯ ಆಗುತ್ತೆ. ಪಿವಿಸಿದು ಅಗ್ಗ, ಆದ್ರೆ ಹಳದಿ ಆಗುತ್ತೆ. ಮಾಟುಂಗಾ ಮಾರ್ಕೆಟ್ ಹತ್ರ ಹೂವು, ಬಾಳೆಎಲೆ ತರೋಕೆ ಅಂತ ನಿಲ್ಲಿಸಿದ್ರೆ ಕೈಗಾಡಿ, ಬುಟ್ಟಿ, ಸ್ಕೂಟರ್ ಎಲ್ಲಾ ಉಜ್ಜಿಕೊಂಡೇ ಹೋಗ್ತವೆ, ಅಲ್ಲಿ ಇದು ಡೋರನ್ನ ಉಳಿಸಿದೆ. ಇಡೀ ಕಾರಿಗೆ ಹಾಕ್ಸೋಕೆ ಹೋದ್ರೆ ಅರವತ್ತು ಸಾವಿರ, ಒಂದು ಲಕ್ಷ ಅಂತಾರೆ, ನಾನು ಹ್ಯಾಂಡಲ್ ಹಿಂದೆ ಬೆರಳು ಹೋಗೋ ತಗ್ಗಿಗೆ ಮತ್ತೆ ಡೋರಿನ ಕೆಳಗಿನ ಅರ್ಧಕ್ಕೆ ಮಾತ್ರ ಹಾಕ್ಸಿದೀನಿ. ಡೆಂಟ್ ಮಾತ್ರ ಇದು ತಡೆಯಲ್ಲ, ಫಿಲ್ಮ್ ಹರಿಯದೇನೇ ಒಳಗಿನ ತಗಡು ಗುಳಿ ಬೀಳುತ್ತೆ.

ಪಕ್ಕದವರ ಜೊತೆ ಮಾತಾಡಿ ಇನ್ನೊಂದು ಮಾಡಿದೀವಿ. ಅವರು ನೇರ ಒಳಗೆ ನುಗ್ಗಿಸ್ತಾರೆ, ನಾನು ರಿವರ್ಸ್ ತಗೊಂಡು ನಿಲ್ಲಿಸ್ತೀನಿ, ಆಗ ಇಬ್ಬರದ್ದೂ ಎಡಗಡೆ, ಅಂದ್ರೆ ಪ್ಯಾಸೆಂಜರ್ ಕಡೆ ಎದುರುಬದುರು ಆಗುತ್ತೆ. ಮನೆಯವರನ್ನ ಮೊದಲೇ ಇಳಿಸಿ ಆಮೇಲೆ ಪಾರ್ಕ್ ಮಾಡಿದ್ರೆ ಆ ಕಡೆ ಡೋರ್ ತೆಗೆಯೋ ಪ್ರಮೇಯವೇ ಬರಲ್ಲ.

ಇಷ್ಟಾದ್ಮೇಲೂ ಡೆಂಟ್ ಬಿತ್ತು ಅಂದ್ರೆ ಇನ್ಶೂರೆನ್ಸ್ ಕ್ಲೇಮ್‌ಗೆ ಓಡೋ ಮುಂಚೆ ಲೆಕ್ಕ ಹಾಕಿ. ಐದು ವರ್ಷ ಕ್ಲೇಮ್ ಇಲ್ದೆ ಬಂದಿರೋರಿಗೆ ಓನ್ ಡ್ಯಾಮೇಜ್ (ನಮ್ಮ ಕಾರಿಗೇ ಆಗೋ ಹಾನಿಯ) ಪ್ರೀಮಿಯಂ ಮೇಲೆ 50 ಪರ್ಸೆಂಟ್ ಎನ್‌ಸಿಬಿ, ಅಂದ್ರೆ ನೋ ಕ್ಲೇಮ್ ಬೋನಸ್ ರಿಯಾಯಿತಿ ಇರುತ್ತೆ, ಒಂದು ಡೋರಿಗೆ ಅಂತ ಕ್ಲೇಮ್ ಹಾಕಿದ್ರೆ ಅದು ಸೊನ್ನೆಗೆ ಬರುತ್ತೆ, ಮೇಲೆ 1500 ಸಿಸಿ ತನಕದ ಕಾರಿಗೆ 1,000 ರೂಪಾಯಿ ನಿಮ್ಮ ಕೈಯಿಂದಾನೇ. ಪೇಂಟ್ ಒಡೆದಿಲ್ಲ ಅಂದ್ರೆ ಪಿಡಿಆರ್ (ಪೇಂಟ್ ಮುಟ್ಟದೆ ಡೆಂಟ್ ತೆಗೆಯೋದು) ಮಾಡೋರ ಹತ್ರ ಹೋಗಿ, ಒಳಗಿಂದ ಸರಳು ಹಾಕಿ ನಿಧಾನಕ್ಕೆ ಒತ್ತಿ ತೆಗೀತಾರೆ, ಪುಟ್ಟಿ ಬೇಡ, ಪೇಂಟ್ ಬೇಡ. ಡೋರಿನ ಅಂಚಲ್ಲೇ ಬಿದ್ದಿದ್ರೆ ಅಥವಾ ಒಳಗಿನ ಬೀಮ್ ಅಡ್ಡ ಬಂದ್ರೆ ಅವರಿಗೂ ಕಷ್ಟ, ಅದನ್ನ ಮೊದಲೇ ಕೇಳ್ಕೊಳ್ಳಿ. ವಾಟ್ಸಾಪಲ್ಲಿ ಬರೋ ಬಿಸಿನೀರು ಸುರಿಯೋ ವಿಡಿಯೋ ನೋಡಿ ಡೋರ್ ಮೇಲೆ ಮಾಡ್ಬೇಡಿ, ಅದು ನಡೆಯೋದು ಪ್ಲಾಸ್ಟಿಕ್ ಬಂಪರ್‌ಗೆ.