ಹಳೇ ಸ್ವಿಫ್ಟಿಗೆ ಎರಡು ಜೊತೆ ಸ್ಪೀಕರ್ ಹಾಕಿ ನೋಡಿದೆ

ನಮ್ಮ 2009ರ ಸ್ವಿಫ್ಟಿನ ಎಡಬಾಗಿಲ ಸ್ಪೀಕರ್ ಯುಗಾದಿ ಹೊತ್ತಿಗೆ ಗರಗರ ಅನ್ನತೊಡಗಿತು. ಡೋರ್ ಪ್ಯಾಡ್ ಬಿಚ್ಚಿದೆ. ಕಾಗದದ ಕೋನ್ ಸುತ್ತ ಇದ್ದ ಫೋಮ್ ಅಂಚು ಹಳೇ ಹಪ್ಪಳದ ಥರ ಕೈಗೆ ಪುಡಿಯಾಗಿ ಬಂತು. ದಾವಣಗೆರೆ ಬಿಸಿಲಲ್ಲಿ ಇಷ್ಟು ವರ್ಷ ನಿಂತ ಕಾರು, ತಾಳಿದ್ದೇ ಜಾಸ್ತಿ.

ಪಿ.ಬಿ. ರಸ್ತೆ ಕಡೆ ಒಂದು ಅಂಗಡಿಗೆ ಹೋದೆ. ಹುಡುಗ ಡಬ್ಬ ತೋರಿಸಿ, "350 ವ್ಯಾಟ್ಸ್ ಸಾರ್, ಗ್ಲಾಸೆಲ್ಲ ನಡುಗುತ್ತೆ" ಅಂದ. ಆ 350 ಅನ್ನೋದು ಒಂದು ಕ್ಷಣಕ್ಕೆ ತಡೆಯುವ ಲೆಕ್ಕ. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಆರ್‌ಎಂಎಸ್ 50 ಅಂತಿತ್ತು, ಅಂದರೆ ಸತತವಾಗಿ ತಡೆಯುವುದು ಅಷ್ಟೇ. ಅಷ್ಟಕ್ಕೂ ನಮ್ಮ ಸ್ಟೀರಿಯೋ ಕೊಡಬೇಕಲ್ಲ! ಮುಖದ ಮೇಲೆ 50×4 ಅಂತ ಬರೆದಿದ್ದರೂ ಇಂಥ ಸ್ಟೀರಿಯೋಗಳು ಒಂದೊಂದು ಸ್ಪೀಕರಿಗೆ ಸತತವಾಗಿ ಕೊಡುವುದು 15ರಿಂದ 20 ವ್ಯಾಟ್. ಹಾಗಾಗಿ ನಾನು ನೋಡಿದ್ದು ಸೆನ್ಸಿಟಿವಿಟಿ, ಅಂದರೆ ಕೊಟ್ಟ ವ್ಯಾಟಿಗೆ ಸ್ಪೀಕರ್ ಎಷ್ಟು ಸದ್ದು ಮಾಡುತ್ತದೆ ಅನ್ನೋ ಲೆಕ್ಕ. 92 ಡೆಸಿಬೆಲ್ ಇದ್ದ ಆರೂವರೆ ಇಂಚಿನ ಕೋಆಕ್ಸಿಯಲ್ ಜೊತೆ ತಂದೆ. ಇದರಲ್ಲಿ ಟ್ವೀಟರ್, ಅಂದರೆ ಏರುದನಿಗೆ ಇರುವ ಪುಟ್ಟ ಸ್ಪೀಕರ್, ನಡುವೆಯೇ ಕೂತಿರುತ್ತದೆ.

ಅಷ್ಟರಲ್ಲಿ ನಮ್ಮ ಭಾಮೈದ ತನ್ನ ಕಾರು ಮಾರಿದ್ದ. ಅದರಿಂದ ಬಿಚ್ಚಿಟ್ಟ ಕಾಂಪೊನೆಂಟ್ ಸೆಟ್ ಕೊಟ್ಟು, "ಭಾವ, ಮೊದಲು ಇದನ್ನ ಹಾಕಿ ಕೇಳಿ, ಆಮೇಲೆ ಮಾತಾಡಿ" ಅಂದ. ಅದು 89 ಡೆಸಿಬೆಲ್. ಟ್ವೀಟರ್ ಬೇರೆ, ಏರುದನಿ ಇಳಿದನಿ ಬೇರ್ಪಡಿಸಿ ಹಂಚುವ ಕ್ರಾಸ್‌ಓವರ್ ಬೇರೆ.

ಸರಿ, ಮೊದಲು ಅದೇ. ಟ್ವೀಟರನ್ನು ಕನ್ನಡಿ ಪಕ್ಕದ ತ್ರಿಕೋನದ ಹತ್ತಿರ ಕೂರಿಸಿ, ವೈರ್ ಎಳೆಯುವುದರಲ್ಲೇ ಭಾನುವಾರ ಮುಗಿಯಿತು. ಆಯಸ್ಕಾಂತ ದಪ್ಪ. ಗ್ಲಾಸ್ ಪೂರ್ತಿ ಇಳಿಸಿದರೆ ಟಕ್ ಅಂತ ಬಡಿಯಿತು. ಅರ್ಧ ಇಂಚಿನ ಪ್ಲೈವುಡ್ ರಿಂಗ್ ಕೊಯ್ಸಿ ಹಾಕಬೇಕಾಯಿತು. ಕೊಳ್ಳುವ ಮೊದಲೇ ಗ್ಲಾಸ್ ಇಳಿಸಿ ಆಳ ಅಳೆದುಕೊಳ್ಳಿ.

ಸಂಜೆ ಕುಂದುವಾಡ ಕೆರೆ ಹತ್ತಿರ ಕಾರು ನಿಲ್ಲಿಸಿ, ಮಂಡಕ್ಕಿ ಮಿರ್ಚಿ ಪೊಟ್ಟಣ ಬಿಚ್ಚಿಕೊಂಡು ಕೇಳಿದೆ. ಸುಮ್ನೆ ಹೇಳಬಾರದು, ಎಷ್ಟು ಚೆನ್ನಾಗಿತ್ತು! ಹಾಡುವವರು ಡ್ಯಾಶ್‌ಬೋರ್ಡ್ ಮೇಲೆ ಕೂತಂಗಿತ್ತು. ತಬಲಾ ಮೇಲೆ ಬೆರಳು ಜಾರುವುದೂ ಕೇಳಿಸಿತು. ಮಿರ್ಚಿ ಆರಿಹೋಗಿದ್ದು ಗೊತ್ತೇ ಆಗಲಿಲ್ಲ.

ಮರುದಿನ ಚಿತ್ರದುರ್ಗಕ್ಕೆ ಹೊರಟಾಗ ಕಥೆ ಬೇರೆ. ಹೆದ್ದಾರಿಯಲ್ಲಿ 80 ದಾಟಿದ್ದೇ ಟೈರಿನ ಸದ್ದು ಎಲ್ಲ ನುಂಗಿತು. ವಾಲ್ಯೂಮ್ 18ರಿಂದ 27ಕ್ಕೆ ಏರಿಸಿದರೆ ದನಿ ಒಡೆದು ಕಿವಿಗೆ ಚುಚ್ಚುತ್ತಿತ್ತು. ಮೂರು ಡೆಸಿಬೆಲ್ ಕಮ್ಮಿ ಅಂದರೆ ಅಷ್ಟೇ ಸದ್ದಿಗೆ ಎರಡರಷ್ಟು ವ್ಯಾಟ್ ಬೇಕು. ಈ ಸೆಟ್ಟಿಗೆ ಆಂಪ್ಲಿಫೈಯರ್ ಇಲ್ಲದಿದ್ದರೆ ಉಪವಾಸವೇ. ಹಳೇ ಕಾರಿಗೆ ಬ್ಯಾಟರಿಯಿಂದ ದಪ್ಪ ವೈರ್ ಎಳೆಸಲು ನನಗೆ ಮನಸ್ಸಾಗಲಿಲ್ಲ.

ಕೋಆಕ್ಸಿಯಲ್ ಹಾಕಲು ಒಂದೇ ಗಂಟೆ. ಆದರೆ ಬೇಸ್ ಮಾಯ! ಬೈಯುತ್ತಾ ಬಿಚ್ಚಿದರೆ ತಪ್ಪು ನನ್ನದೇ: ಬಲಗಡೆ ಪ್ಲಸ್ ಮೈನಸ್ ಅದಲುಬದಲು. ಒಂದು ಕೋನ್ ಹೊರಗೆ ತಳ್ಳುವಾಗ ಇನ್ನೊಂದು ಒಳಗೆ ಎಳೆದರೆ ಬೇಸ್ ಒಂದನ್ನೊಂದು ಕೊಂದುಕೊಳ್ಳುತ್ತದೆ. ಒಂದೂವರೆ ವೋಲ್ಟಿನ ಗಡಿಯಾರದ ಸೆಲ್ ಒಂದು ಕ್ಷಣ ಮುಟ್ಟಿಸಿ ನೋಡಿ. ಸೆಲ್ಲಿನ ಪ್ಲಸ್ಸು ಸ್ಪೀಕರಿನ ಪ್ಲಸ್ಸಿಗೆ ಸರಿಯಾಗಿ ತಾಗಿದರೆ ಕೋನ್ ಹೊರಗೆ ಜಿಗಿಯುತ್ತದೆ.

ಸರಿಮಾಡಿದ ಮೇಲೆ ಅದೇ ರಸ್ತೆಯಲ್ಲಿ ವಾಲ್ಯೂಮ್ 20ಕ್ಕೇ ಕಾರು ತುಂಬಿತು. ಆದರೆ ದನಿ ಮೊಣಕಾಲ ಹತ್ತಿರದಿಂದ ಬರುತ್ತದೆ. ಅದು ಮಾತ್ರ ಇವತ್ತಿಗೂ ಕೊರತೆಯೇ. ಅಪ್ಪನಿಗೆ ಅದೆಲ್ಲ ಲೆಕ್ಕಕ್ಕಿಲ್ಲ. ಪ್ರದೇಶ ಸಮಾಚಾರ ಕೇಳಿ, "ಈಗ ಮಾತು ಬಿಡಿಬಿಡಿಯಾಗಿ ಕೇಳ್ತದೆ" ಅಂದರು.

ಆಮೇಲೆ ಬಾಗಿಲ ತಗಡಿನ ದೊಡ್ಡ ತೂತುಗಳನ್ನು ತಗಡಿನ ನಡುಕ ತಡೆಯುವ ಡ್ಯಾಂಪಿಂಗ್ ಶೀಟಿನಿಂದ ಮುಚ್ಚಿದೆ. ನೀರು ತಡೆಯುವ ಪ್ಲಾಸ್ಟಿಕ್ ಹಾಳೆಯನ್ನೂ ಮತ್ತೆ ಅಂಟಿಸಿದೆ. ಬಾಗಿಲು ಹಾಕಿದರೆ ಈಗ ಡಬ್ಬದ ಸದ್ದಿಲ್ಲ, ಬೇಸ್ ಗಟ್ಟಿಯಾಗಿದೆ. ಎರಡು ಸ್ಪೀಕರಿನ ನಡುವೆ ಕಂಡ ವ್ಯತ್ಯಾಸಕ್ಕಿಂತ ಇದೇ ದೊಡ್ಡದು ಅನ್ನಿಸಿತು. ಭಾಮೈದ ಬಿಡಲಿಲ್ಲ. "ನನ್ನ ಸೆಟ್ಟಿಗೆ ಶೀಟ್ ಹಾಕಿ ಕೇಳಿದ್ರಾ?" ಅಂದ. ಕೇಳಿರಲಿಲ್ಲ. ಇನ್ನೊಂದು ಭಾನುವಾರ ಅದಕ್ಕೆ ಕೊಡಲು ನಾನು ತಯಾರಿಲ್ಲ. ಸೆಟ್ ಅವನಿಗೇ ವಾಪಸ್ ಕೊಟ್ಟೆ, ಪ್ಲೈವುಡ್ ರಿಂಗ್ ಸಮೇತ.